ಬೆನ್ನು ಮಾಡಿ ಆಟ ನೋಡಿದ ನಮ್ಮ ಮಾವ

ನಮ್ಮ ಮಾವನಷ್ಟು ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಹೋದವರು ಹೊಸಪೇಟೆ ತಾಲ್ಲೂಕಿನಲ್ಲಿ ಮತ್ತೊಬ್ಬರಿರಲಿಲ್ಲ. ಅವರಷ್ಟು ಕಡಿಮೆ ಬ್ಯಾಸ್ಕೆಟ್‌ಬಾಲ್ ನೋಡಿದವರೂ ಇರಲಿಕ್ಕಿಲ್ಲ! ಮೈದಾನಕ್ಕೆ ಎಲ್ಲರಿಗಿಂತ ಮೊದಲು ಹೋಗುವರು, ಒಳ್ಳೆಯ ಜಾಗ ಹಿಡಿಯುವರು, ಧೋತರ ಸರಿಮಾಡಿಕೊಂಡು ಆಟಕ್ಕೆ ಬೆನ್ನು ತಿರುಗಿಸಿ ಕೂತುಬಿಡುವರು. ಎದುರಿಗೆ ಏನಿರುತ್ತಿತ್ತು? ಒಂದು ಬೇವಿನ ಮರ, ಇಲ್ಲವೇ ಯಾರದೋ ಹಿತ್ತಿಲ ಗೋಡೆ. ಆಟ ಮುಗಿಯುವವರೆಗೂ ಅದನ್ನೇ ದಿಟ್ಟಿಸುತ್ತ ಕೂರುವರು.

ಕಣ್ಣು ಮಂದವಾಗಿತ್ತು ಅಂದುಕೊಳ್ಳಬೇಡಿ. ಕಣ್ಣು ಚೆನ್ನಾಗಿಯೇ ಇತ್ತು, ಅದು ಕೆಟ್ಟ ಕಣ್ಣು ಎಂಬುದೇ ತೊಂದರೆ. ಊರವರು ಹಾಗೆಂದು ತಮಾಷೆ ಮಾಡುತ್ತಿದ್ದರು, ಮಾವ ಅದನ್ನು ನಂಬಿದ್ದರು. ಅವರು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆದುಕೊಳ್ಳುವ ಗುಮಾಸ್ತರು. ಒಮ್ಮೆ ಒಬ್ಬ ರೈತನಿಗೆ "ಭಾಳ ಗಟ್ಟಿ ಅದ ನೋಡಪಾ ನಿನ್ನ ಗಾಡಿ" ಅಂದರಂತೆ. ಗೇಟು ದಾಟುವುದರೊಳಗೆ ಅಚ್ಚು ಮುರಿಯಿತು. ಮಲಪನಗುಡಿಯ ಗೆಳೆಯರ ಎಮ್ಮೆ ಸಾಧು ಎಂದು ಹೊಗಳಿದರು, ಮರುದಿನವೇ ಅದು ಒದೆಯಲು ಕಲಿಯಿತು. ಆಮೇಲೆ ಮಾವ ಹೊಗಳುವುದನ್ನೇ ಬಿಟ್ಟರು. ನಮ್ಮ ಅತ್ತೆ ಅಷ್ಟು ವರ್ಷ ಸಾರು ಮಾಡಿ ಬಡಿಸಿದರೂ "ಚೊಲೋ ಆಗೇದ" ಎಂಬ ಒಂದು ಮಾತು ಅವರ ಕಿವಿಗೆ ಬೀಳಲಿಲ್ಲ.

"ದೃಷ್ಟಿ ಆದ್ರ ಆಗ್ಲಿ, ಒಂದು ಸಲ ಅನ್ರಿ. ಸಾರು ಕೆಟ್ರ ಮತ್ತ ಮಾಡ್ತೀನಿ" ಎಂದು ಅತ್ತೆ ಗೊಣಗುವರು. ಮಾವ ಇನ್ನೊಂದು ಸಲ ಸಾರು ಹಾಕಿಸಿಕೊಳ್ಳುವರು.

ಈಗ ನನ್ನ ವಿಷಯ. ಈ ಮಾವ ನನ್ನ ತಾಯಿಯ ಅಣ್ಣ. ಇವರ ಮಗನಿಗೇ ನನ್ನನ್ನು ಕೊಟ್ಟರು, ಹೀಗೆ ಸೋದರಮಾವನೇ ನನಗೆ ಮಾವನೂ ಆದರು. ಬಳ್ಳಾರಿ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿದ್ದ ಕಾಲ. ನನ್ನ ಯಜಮಾನರು ಬಳ್ಳಾರಿಯ ಕಾಲೇಜಿನಲ್ಲಿ ಓದುತ್ತಿದ್ದರು. ಓದುತ್ತಿದ್ದರು ಎನ್ನುವುದು ಮನೆಯವರ ಮಾತು, ಕಾಲೇಜಿನವರ ಪ್ರಕಾರ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಮಗನ ಆಟಕ್ಕೆ ಹೋಗದೆ ಇರಲು ಮಾವನಿಗೆ ಆಗದು. ಹೋದರೆ ನೋಡಲು ಧೈರ್ಯವಿಲ್ಲ. ತಾವು ಕಣ್ತುಂಬ ನೋಡಿ, ಮೆಚ್ಚಿ, ಅವನ ಕಾಲೇ ಮುರಿದರೆ? ಆದ್ದರಿಂದ ನೋಡಿ ಹೇಳಲು ಬೇರೆ ಎರಡು ಕಣ್ಣು ಬೇಕಾದವು. ಅವು ನನ್ನವು! ಇಡೀ ಮೈದಾನದಲ್ಲಿ ನಾನೊಬ್ಬಳೇ ಹೆಂಗಸು.

"ಗಂಡಸರ ನಡುವ ಸೊಸೀನ್ನ ಕರಕೊಂಡು ಹೋಗ್ತೀರಲ್ಲ, ಮಂದಿ ಏನಂದಾರು?" ಎಂದು ಅತ್ತೆ ತಡೆದರೆ, "ಮಂದಿ ಆಟ ನೋಡಾಕ ಬಂದಿರ್ತಾರ, ಬಿಡು" ಎನ್ನುವರು.

ಆಗಷ್ಟೇ ಅಣೆಕಟ್ಟಿನ ಕೆಲಸ ಶುರುವಾಗಿ ಹೊಸಪೇಟೆಗೆ ಎಂಜಿನಿಯರುಗಳು ಬಂದಿಳಿದಿದ್ದರು. ಮದ್ರಾಸಿನಲ್ಲಿ ಓದುವಾಗ ಈ ಆಟ ಆಡಿ ಬಂದವರು. ಬಯಲಿನಲ್ಲಿ ಎರಡು ಕಂಬ ನೆಟ್ಟು, ಹಲಗೆ ಬಡಿದು, ಕಬ್ಬಿಣದ ಬಳೆಗೆ ಬಲೆ ಕಟ್ಟಿ, ಕಾಲೇಜಿನ ಹುಡುಗರನ್ನು ಪಂದ್ಯಕ್ಕೆ ಕರೆದರು. ಬಲೆಗೆ ತಳವಿಲ್ಲ, ಹಾಕಿದ ಚೆಂಡು ಕೆಳಗೇ ಬೀಳುತ್ತದೆ ಎಂದು ನಾನು ಹೇಳಿದಾಗ ಮಾವ ಗೋಡೆಯ ಕಡೆಗೇ ಮುಖ ಮಾಡಿ, "ಇವರು ಕಟ್ಟೋ ಡ್ಯಾಮಿನಾಗ ನೀರು ನಿಂತಂಗ ಬಿಡು!" ಅಂದರು.

ಆಟಕ್ಕೆ ಮೊದಲೇ ಅವರು ನಮ್ಮ ಹುಡುಗರು ಚೆಂಡು ಹಾಕುವ ಕಂಬಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಬಂದಿದ್ದರು. ಅರ್ಧ ಆಟ ಚೆನ್ನಾಗಿ ನಡೆಯಿತು. ಆಮೇಲೆ ಎರಡು ತಂಡಗಳೂ ಪಕ್ಕ ಬದಲಿಸಿದವು. ಹೀಗೂ ಒಂದು ಪದ್ಧತಿ ಇದೆಯೆಂದು ಮಾವನಿಗೆ ಯಾರು ಹೇಳಿದ್ದರು?

"ಮಾಮಾ, ಈಗ ಆ ಕಂಬದಾಗ ಎಂಜಿನಿಯರು ಚೆಂಡು ಹಾಕ್ತಾರ."

"ಯಾ ಕಂಬದಾಗ?"

"ನಿಂಬಿಹಣ್ಣು ಕಟ್ಟಿದ್ದರಾಗ."

ಮಾವ ತಟ್ಟನೆ ಎದ್ದರು. ಆಟವನ್ನು ನೋಡಬಾರದಲ್ಲ? ಹಿಮ್ಮುಖವಾಗಿಯೇ ಹೆಜ್ಜೆಯಿಡುತ್ತ ಮೈದಾನದೊಳಕ್ಕೆ ನಡೆದರು! ಕೈ ಹಿಂದೆ ಮಾಡಿ ಕಂಬ ತಡಕಿ ದಾರ ಬಿಚ್ಚತೊಡಗಿದರು. ಪಂಚೆಯುಟ್ಟ ದೊಡ್ಡ ಮನುಷ್ಯರೊಬ್ಬರು ಬೆನ್ನು ಮುಂದೆ ಮಾಡಿಕೊಂಡು ಆಟದ ನಡುವೆ ಬಂದರೆ ಯಾವ ತಪ್ಪೆಂದು ಸೀಟಿ ಊದಬೇಕು? ರೆಫರಿ ಪಾಪ, ಸುಮ್ಮನೆ ಊದುತ್ತಲೇ ಇದ್ದರು.

ನನ್ನ ಕಷ್ಟ ಬೇರೆ ಇತ್ತು. ಆಟ ಬಣ್ಣಿಸಬೇಕು, ಆದರೆ ಗಂಡನ ಹೆಸರು ಹೇಳುವಂತಿಲ್ಲ. ಉಳಿದವರ ಹೆಸರನ್ನೆಲ್ಲ ಸರಾಗವಾಗಿ ಹೇಳುತ್ತಿದ್ದೆ, ಚೆಂಡು ನಮ್ಮ ಯಜಮಾನರ ಕೈಗೆ ಬಂದಾಗ "ಈಗ ಇವರು ಹಿಡಿದ್ರು, ಇವರು ಓಡಿದ್ರು, ಇವರು ಹಾರಿದ್ರು" ಎನ್ನುತ್ತಿದ್ದೆ. ಕಂಪ್ಲಿಯ ಬೆಲ್ಲದ ವ್ಯಾಪಾರಿಯೊಬ್ಬರು ತಮ್ಮೂರಿನಲ್ಲಿ ಪಂದ್ಯ ಏರ್ಪಡಿಸಿದಾಗ ಇದು ಫಜೀತಿಗೆ ಬಂತು. ಅಲ್ಲಿ ಯಾರೂ ಈ ಆಟ ಕಂಡವರಲ್ಲ. ಒಬ್ಬ ಹೆಣ್ಣುಮಗಳು ಬಿಡಿಸಿ ಹೇಳುತ್ತಿದ್ದಾಳೆಂದು ಜನ ಒಬ್ಬೊಬ್ಬರಾಗಿ ನಮ್ಮ ಸುತ್ತ ಬಂದು ಕೂತರು. ತಲೆಗೆ ರುಮಾಲು ಸುತ್ತಿದ ಹಿರಿಯರೊಬ್ಬರು ಸ್ವಲ್ಪ ಹೊತ್ತು ಕೇಳಿ, "ಯವ್ವಾ, ಆ ಇವರು ಅನ್ನೋರು ಭಾಳ ಮಸ್ತ್ ಆಡ್ತಾರ ನೋಡ್ರಿ" ಅಂದರು. ಆಮೇಲೆ ಎದ್ದು ನಿಂತು ಕೂಗಿದರು: "ಲೇ, ಇವರಿಗೆ ಕೊಡ್ರಲೇ ಚೆಂಡು! ಇವರಿಗೆ ಕೊಡ್ರಿ!" ಇಡೀ ಕಂಪ್ಲಿ ಅವರ ಜೊತೆ ಕೂಗಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮಾವ ಮಾತ್ರ ಬೇವಿನ ಮರದ ಕಡೆ ನೋಡುತ್ತ ಖುಷಿಯಿಂದ ತೊಡೆ ತಟ್ಟುತ್ತಿದ್ದರು.

ಸಂಡೂರಿನ ಪಂದ್ಯಕ್ಕೆ ಹೋಗುವಾಗ ಅವರ ಮುಖದಲ್ಲಿ ಏನೋ ಹೊಸ ಕಳೆ. ಬಸ್ಸಿನಲ್ಲಿ ಗುಟ್ಟಾಗಿ ಜೇಬಿನಿಂದ ತೆಗೆದು ತೋರಿಸಿದರು. ಅತ್ತೆ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುವ ಪುಟ್ಟ ಕನ್ನಡಿ!

"ಕನ್ನಡಿಯೊಳಗ ನೋಡಿದ್ರ ದೃಷ್ಟಿ ಕನ್ನಡಿಗೆ ತಾಗತದ. ಅವನಿಗೆ ತಾಗೂದಿಲ್ಲ. ಹೌದಲ್ಲವಾ?"

ಆಟ ಶುರುವಾಯಿತು. ಮಾವ ಕನ್ನಡಿಯನ್ನು ಹೆಗಲ ಮೇಲೆ ಹಿಡಿದು ಮಗನನ್ನು ಹುಡುಕತೊಡಗಿದರು. ಸಂಜೆಯ ಬಿಸಿಲು ಬೇರೆ. ಎದುರು ತಂಡದವನೊಬ್ಬ ಚೆಂಡು ಹಾಕಲು ಕೈಯೆತ್ತಿದರೆ ಕನ್ನಡಿಯ ಬೆಳಕು ನೇರ ಅವನ ಕಣ್ಣಿಗೆ! ಚೆಂಡು ಹೋಗಿ ಜನರ ನಡುವೆ ಬಿತ್ತು. ಮುಂದಿನ ಸಲವೂ ಹಾಗೆಯೇ ಆಯಿತು. ರೆಫರಿ ಬಂದು ಕೈ ಚಾಚಿದರು, ಮಾವ ಕನ್ನಡಿ ಒಪ್ಪಿಸಿದರು. ಮರಳುವಾಗ ಬಸ್ಸಿನಲ್ಲಿ "ಒಂದು ಮೊಣಕೈ ಕಂಡಿತವಾ. ಅವಂದ ಇರಬೇಕು" ಅಂದರು. ನಾನು ಹೌದೆಂದೆ.

ಇದನ್ನೆಲ್ಲ ಹೇಳಿ ನಾನು ನಗುತ್ತಿದ್ದೆ. ನಮ್ಮ ಯಜಮಾನರು ನಗುತ್ತಿರಲಿಲ್ಲ. "ನಿನಗ ನಗಿ. ಎಲ್ಲರ ಅಪ್ಪಂದಿರು ಮಕ್ಕಳನ್ನ ನೋಡ್ತಾರ. ನಮ್ಮಪ್ಪಗ ನನ್ನ ಮಾರಿ ನೋಡಾಕೂ ಬ್ಯಾಸರ" ಅಂದರು ಒಂದು ದಿನ. ನಿಜವೇ. ಮನೆಯಲ್ಲೂ ಮಾವ ಮಗನೊಡನೆ ಮಾತಾಡುವಾಗ ಕಿಟಕಿಯನ್ನೋ ಕಂಬವನ್ನೋ ನೋಡುತ್ತ ಮಾತಾಡುವರು. ನನಗೆ ತಡೆಯದೆ ಅತ್ತೆಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು.

"ಇವನಕಿಂತ ಮೊದಲು ಒಂದು ಹೆಣ್ಣು ಕೂಸಿತ್ತು. ತೊಡೀ ಮ್ಯಾಲೆ ಹಾಕ್ಕೊಂಡು ನೋಡಿದ್ದ ನೋಡಿದ್ದು. ಕೆಲಸಕ್ಕ ಹೋಗೂದೂ ಮರೀತಿದ್ರು. ಜ್ವರ ಬಂದು ಹೋತು. ಮಣ್ಣು ಮಾಡಿ ಬಂದಾಗ ಒಬ್ಬಾಕಿ ಮುದುಕಿ ಅಂದಳು, ಅಪ್ಪನ ಕಣ್ಣ ತಾಗಿತು ಅಂತ. ಅವತ್ತಿನಿಂದ ಹಿಂಗ."

ಗಾಡಿಯ ಅಚ್ಚು, ಎಮ್ಮೆಯ ಒದೆ, ಇವೆಲ್ಲ ಆಮೇಲೆ ಸೇರಿಕೊಂಡ ಕಥೆಗಳು. ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. ಅವರಿಗೆ ಅಕ್ಕ ಇದ್ದಳೆಂಬುದೇ ಗೊತ್ತಿರಲಿಲ್ಲ. ಎದ್ದು ಹೊರಗೆ ಹೋದರು.

ಅವರ ಕಾಲೇಜು ದಿನಗಳ ಕೊನೆಯ ಪಂದ್ಯ ಹೊಸಪೇಟೆಯಲ್ಲೇ ನಡೆಯಿತು, ಅನಂತಪುರದ ಕಾಲೇಜಿನವರ ಜೊತೆ. ಅರ್ಧ ಆಟ ಮುಗಿದಾಗ ಯಜಮಾನರು ಬೆವರು ಒರೆಸಿಕೊಳ್ಳುತ್ತ ನೇರ ನಮ್ಮ ಹತ್ತಿರ ಬಂದು, ಅಪ್ಪನ ಬೆನ್ನ ಹಿಂದೆ ನಿಂತರು.

"ಅಪ್ಪಾ, ಇನ್ನ ಮ್ಯಾಲೆ ನಾ ಆಡೂದಿಲ್ಲ. ಇವತ್ತು ಒಂದು ಸಲ ನೋಡ್ರಿ. ಬಿದ್ರ ಏಳ್ತೀನಿ."

ಮಾವ ತಿರುಗಲಿಲ್ಲ. ಗೋಡೆಗೇ ಹೇಳಿದರು, "ಹೋಗಪಾ, ಸೀಟಿ ಹೊಡೀತಾರ. ಆಡು ಹೋಗು."

ಆಟ ಮತ್ತೆ ಶುರುವಾಯಿತು. ನಾನು ಹೇಳುತ್ತ ಹೋದೆ. ಅನಂತಪುರದವರು ಹಾಕಿದರು, ನಾವು ಹಾಕಿದೆವು, ಅವರು ಸ್ವಲ್ಪ ಮುಂದಿದ್ದಾರೆ. ಇನ್ನೇನು ಮುಗಿಯಬೇಕು, ಚೆಂಡು ನಮ್ಮ ಯಜಮಾನರ ಕೈಗೆ ಬಂತು. "ಇವರು ಹಿಡಿದ್ರು, ಇವರು ಓಡಿದ್ರು" ಎಂದವಳು ಬಾಯಿ ಮುಚ್ಚಿದೆ. ಬೇಕೆಂದೇ ಮುಚ್ಚಿದೆ. ಸಿಟ್ಟೋ, ಅಳುವೋ, ಹೇಳಲಾರೆ.

"ಮುಂದ?" ಅಂದರು ಮಾವ.

"ಏನಾತವಾ? ಹೇಳು. ಬಿದ್ನೇನು? ಬಿದ್ನೇನವಾ?"

ಮಾವ ಗಕ್ಕನೆ ತಿರುಗಿದರು. ಆಗ ಇವರು ಎಲ್ಲರಿಗಿಂತ ಮೇಲಕ್ಕೆ ಹಾರಿದ್ದರು. ಕೈ ಚಾಚಿ ಚೆಂಡು ಬಿಟ್ಟರು. ಅದು ಬಳೆಯ ಮೇಲೆ ಒಂದು ಸುತ್ತು ತಿರುಗಿ ಹೊರಗೆ ಬಿತ್ತು. ಸೀಟಿ ಊದಿದರು. ನಾವು ಸೋತೆವು!

"ನೋಡಿದ್ಯಾ? ನಾ ನೋಡಿದ್ದಕ್ಕ ತಪ್ಪಿತು" ಅಂದರು ಮಾವ. ಆದರೆ ಮುಖ ತಿರುಗಿಸಲಿಲ್ಲ. ಮಗ ಎರಡು ಕಾಲ ಮೇಲೆ ಗಟ್ಟಿಯಾಗಿ ನಡೆದು ಬರುವುದನ್ನು ನೋಡುತ್ತಲೇ ಇದ್ದರು. ಇವರು ಹತ್ತಿರ ಬಂದು ನಿಂತರು. ಸೋತ ಆಟಗಾರನ ಮುಖವಾಗಿರಲಿಲ್ಲ ಅದು, ನಗುತ್ತಿತ್ತು. ಮಾವ ಮಗನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಈ ಕಲೆ ಏನಿದು? ಈಗ ಬಿದ್ದು ಮಾಡಿಕೊಂಡ್ಯಾ?"

"ಇಲ್ಲಪ್ಪಾ. ಸಣ್ಣಾವಿದ್ದಾಗ ಬಾವಿಕಟ್ಟೀಗೆ ಬಡದಿದ್ದು."

ಮಾವ ಗದ್ದ ಬಿಡಲಿಲ್ಲ. ಸುತ್ತ ಜನ ಚದುರಿ ಮನೆಗೆ ಹೊರಟಿದ್ದರು. ಮಾವ ಮಗನ ಹಣೆ ನೋಡಿದರು, ಕಣ್ಣು ನೋಡಿದರು, ಮತ್ತೆ ಆ ಕಲೆ ನೋಡಿದರು. ಆಮೇಲೆ, ಜೀವಮಾನವಿಡೀ ಬಾಯಿಗೆ ಬರದಂತೆ ತಡೆಹಿಡಿದಿದ್ದ ಮಾತನ್ನು ಮೆಲ್ಲಗೆ ಆಡಿದರು.

"ಭಾಳ ಚಂದ ಅದೀಯಲ್ಲೋ, ಮಗನ."