ನೂರಿಪ್ಪತ್ತು ಹೆಜ್ಜೆಯ ಡಾಂಬರು

ಕೋಪ ಬಂದಾಗ ನನಗೆ ಗಣಿತ ಚೆನ್ನಾಗಿ ಬರುತ್ತದೆಂಬುದು ನನ್ನ ಬಹುಕಾಲದ ಹೆಮ್ಮೆ. ಸಮಾಧಾನದಲ್ಲಿರುವಾಗ ಹದಿಮೂರರ ಮಗ್ಗಿಯಲ್ಲಿ ಎಡವುವ ನಾನು, ಯಾರೋ ಸಾರ್ವಜನಿಕರಿಗೆ ಮೋಸ ಮಾಡುತ್ತಿದ್ದಾರೆಂಬ ಅನುಮಾನ ತಲೆಗೆ ಹೊಕ್ಕ ಕೂಡಲೇ ಭಾಗಾಕಾರವನ್ನು ಬಾಯಲ್ಲೇ ಮಾಡಿಬಿಡುತ್ತೇನೆ. ಉತ್ತರವೂ ಸರಿಯಾಗಿಯೇ ಬರುತ್ತದೆ. ತಪ್ಪುವುದು ಉತ್ತರದ ಮುಂದೆ ನಾನು ಬರೆಯುವ ವಾಕ್ಯ. ಅಂಥ ಒಂದು ವಾಕ್ಯದಿಂದಾಗಿ ಹೊಳಲ್ಕೆರೆಯ ನಮ್ಮ ಓಣಿ ವರ್ಷಗಟ್ಟಲೆ ಕೆಸರಿನಲ್ಲೇ ಉಳಿಯಿತು. ಬೇರೆಯವರ ತಪ್ಪುಗಳ ಬಗ್ಗೆ ಸಾಕಷ್ಟು ಬರೆದಿರುವ ನಾನು ನ್ಯಾಯದ ದೃಷ್ಟಿಯಿಂದಲಾದರೂ ಇದನ್ನು ಬರೆಯಬೇಕಾಗಿದೆ. ಬೇರೆಯವರು ಬರೆದರೆ ಇನ್ನೂ ಚೆನ್ನಾಗಿ ಬರೆದಾರೆಂಬ ಭಯವೂ ಇದೆ.

ನಮ್ಮ ಓಣಿ ಹೊಸದುರ್ಗದ ರಸ್ತೆಯಿಂದ ಒಳಕ್ಕೆ ನೂರಿಪ್ಪತ್ತು ಹೆಜ್ಜೆ. ಬೇಸಿಗೆಯಲ್ಲಿ ಅದು ಓಣಿ. ಮಳೆ ಬಿದ್ದ ಮೇಲೆ ಅದನ್ನು ಏನೆಂದು ಕರೆಯಬೇಕೆಂಬ ಬಗ್ಗೆ ಓಣಿಯವರಲ್ಲೇ ಒಮ್ಮತವಿರಲಿಲ್ಲ. ಅಪ್ಪಟ ಎರೆಮಣ್ಣು. ಕಾಲಿಟ್ಟರೆ ಚಪ್ಪಲಿಯನ್ನು ಇಟ್ಟುಕೊಂಡು ಕಾಲನ್ನು ಮಾತ್ರ ವಾಪಸು ಕೊಡುತ್ತಿತ್ತು. ಈ ಓಣಿಯ ಕೊನೆಯ ಮನೆ ಟೈಲರ್ ರುದ್ರಣ್ಣನದು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವನ ಎರಡೂ ಕಾಲು ಸೊರಗಿದ್ದವು. ಕಾಲಿನ ಪಾಲನ್ನೂ ತೋಳುಗಳೇ ಪಡೆದಿದ್ದವೋ ಏನೋ, ಅವನು ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಊರೆಲ್ಲ ಓಡಾಡುತ್ತಿದ್ದ, ಮುಖ್ಯರಸ್ತೆಯ ತನ್ನ ಅಂಗಡಿಯಲ್ಲಿ ಕೈಮಷೀನಿನಲ್ಲೇ ಬಟ್ಟೆ ಹೊಲಿಯುತ್ತಿದ್ದ. ಊರೆಲ್ಲ ಓಡುವ ಆ ಗಾಡಿ ಓಡದಿದ್ದದ್ದು ಅವನ ಮನೆಗೆ ಹೋಗುವ ಓಣಿಯಲ್ಲಿ ಮಾತ್ರ. ಮಳೆಗಾಲದ ಸಂಜೆ ಗಾಡಿಯನ್ನು ಓಣಿಯ ಬಾಯಲ್ಲಿ ಸರಪಳಿ ಹಾಕಿ ನಿಲ್ಲಿಸುತ್ತಿದ್ದ. ಹೆಂಡತಿ ಗೌರಮ್ಮ ಸೆರಗು ಬಿಗಿದು ಬಂದು, ಅವನನ್ನು ಬೆನ್ನಿಗೆ ಹಾಕಿಕೊಂಡು ಆ ನೂರಿಪ್ಪತ್ತು ಹೆಜ್ಜೆ ನಡೆಯುತ್ತಿದ್ದಳು. ನೋಡಿದವರು ಮುಖ ತಿರುಗಿಸುವ ಮೊದಲೇ ರುದ್ರಣ್ಣ ತಾನೇ ಕೂಗಿ ಹೇಳುತ್ತಿದ್ದ: “ಗಂಡನ್ನ ತಲೆ ಮೇಲೆ ಕೂರಿಸ್ಕಂಡೋರು ಈ ಊರಾಗೆ ಭಾಳ ಜನ ಅವ್ರೆ. ಬೆನ್ನ ಮೇಲೆ ಕೂರಿಸ್ಕಂಡೋಳು ಇವಳೊಬ್ಬಳೇ ನೋಡ್ರಪ್ಪ!”

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಊರಿಗೆ ಮರಳಿದ್ದೆ. ಕೆಲಸವಿಲ್ಲದ್ದರಿಂದ ಪ್ರಜಾಪ್ರಭುತ್ವದ ರಕ್ಷಣೆಯನ್ನು ಪೂರ್ಣಾವಧಿಯಾಗಿ ವಹಿಸಿಕೊಂಡಿದ್ದೆ. ಆ ವರ್ಷ ಹೊಸದುರ್ಗದ ರಸ್ತೆಗೆ ಡಾಂಬರು ಹಾಕುವ ತಂಡ ಬಂತು. ಊರಾಚೆ ಜಲ್ಲಿಯ ರಾಶಿ, ಡಾಂಬರಿನ ಪೀಪಾಯಿ, ಕರಿಹೊಗೆ, ಗುಡುಗುಟ್ಟುವ ರೋಲರ್. ರುದ್ರಣ್ಣ ನನ್ನನ್ನು ಅಂಗಡಿಗೆ ಕರೆಸಿಕೊಂಡ. “ತಮ್ಮಾ, ಮೆಷಿನ್ನು ಬಾಗ್ಲಿಗೇ ಬಂದೈತೆ. ಇದೇ ಹೊತ್ನಾಗೆ ನಮ್ಮ ಓಣಿಗೂ ಒಂದು ಪದರ ಬಿದ್ರೆ ನನ್ನ ಗಾಡಿ ಹೊಸ್ಲು ಮುಟ್ಟತೈತೆ. ಒಂದು ಅರ್ಜಿ ಬರಕೊಡು, ನಿನ್ನಂಗೆ ಬರೆಯೋರು ಯಾರವ್ರೆ?” ಕೊನೆಯ ಮಾತು ನನಗೆ ಹಿತವಾಯಿತು. ಅರ್ಜಿ ಬರೆದೆ. ಓಣಿಯವರೆಲ್ಲ ಸಹಿ ಹಾಕಿದರು. ಆಶ್ಚರ್ಯವೆಂದರೆ ಪಂಚಾಯಿತಿಯವರು ಹತ್ತೇ ದಿನಗಳಲ್ಲಿ ಒಪ್ಪಿದರು. ಅದೇ ತಂಡಕ್ಕೇ ನಮ್ಮ ಓಣಿಯ ಕೆಲಸವನ್ನೂ ಕೊಡುವುದೆಂದಾಯಿತು. ಅರ್ಜಿಗೆ ಇಷ್ಟು ಬೇಗ ಫಲ ಸಿಕ್ಕರೆ ನನ್ನಂಥವನಿಗೆ ನಿದ್ರೆ ಬರುವುದಿಲ್ಲ. ಕಚೇರಿಗೆ ಹೋಗಿ ಅಂದಾಜು ಪಟ್ಟಿ ಕೇಳಿದೆ. ಓವರ್‌ಸಿಯರ್ ಪಾಪ, ಮುಚ್ಚಿಡದೆ ತೋರಿಸಿದ. ದೊಡ್ಡ ರಸ್ತೆಯ ದರವನ್ನೂ ನಮ್ಮ ಓಣಿಯ ದರವನ್ನೂ ಚದರ ಮೀಟರಿಗೆ ಭಾಗಿಸಿದೆ. ನಮ್ಮ ಓಣಿಯದು ಎರಡು ಪಟ್ಟಿಗಿಂತ ಹೆಚ್ಚು!

ಕಾಗದ ಹಿಡಿದು ನೇರವಾಗಿ ಡಾಂಬರು ಕಾಯಿಸುವಲ್ಲಿಗೆ ಹೋದೆ. ತಂಡದ ಮೇಸ್ತ್ರಿ ಓಬಳೇಶ, ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯವನು, ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಹೊಗೆಯೊಳಗೆ ನಿಂತಿದ್ದ.

“ಅದೇ ಜಲ್ಲಿ, ಅದೇ ಡಾಂಬರು, ಅದೇ ಕೈ. ದೊಡ್ಡ ರಸ್ತೆಗೆ ಒಂದು ದರ, ಬಡವರ ಓಣಿಗೆ ಅದರ ಎರಡು ಪಟ್ಟು. ಯಾಕ್ರೀ ಮೇಸ್ತ್ರಿ?” ಎಂದೆ.

“ಕುಂತ್ಕಳ್ರಿ ಸಾರ್, ಬಿಸ್ಲಾಗೆ ನಿಂತು ಕೂಗಬ್ಯಾಡ್ರಿ.”

“ನಾನು ಕೂರೋಕೆ ಬಂದಿಲ್ಲ.”

“ಆಗ್ಲಿ, ನಿಂತೇ ಕೇಳ್ರಿ. ರೋಲರ್‌ಗೆ ದಿನದ ಬಾಡ್ಗೆ. ದೊಡ್ಡ ರಸ್ತ್ಯಾಗೆ ಬೆಳಿಗ್ಗಿಂದ ಸಂಜೆಗಂಟ ಉರುಳ್ತೈತೆ. ನಿಮ್ಮ ಓಣ್ಯಾಗೆ ಎರಡು ತಾಸು ಉರುಳಿ, ಉಳಿದ ಹೊತ್ತು ಕೆರೆಯಾಗೆ ಎಮ್ಮೆ ನಿಂತಂಗೆ ನಿಲ್ತೈತೆ. ಅದರ ಮಾಲೀಕ ಎರಡು ತಾಸಿಂದೇ ಬಾಡ್ಗೆ ತಗಂತಾನೇನ್ರಿ? ಈ ಡ್ರಮ್ಮು ಕಾವೇರಾಕೇ ಅರ್ಧ ಸೌದೆ ಹೋಗ್ತೈತೆ, ಹತ್ತು ಮಾರು ಹಾಕ್ಲಿ, ಹತ್ತು ಫರ್ಲಾಂಗ್ ಹಾಕ್ಲಿ. ನಮ್ಮ ಇಪ್ಪತ್ತು ಆಳು ಮಧ್ಯಾಹ್ನಕ್ಕೇ ಕೆಲಸ ಮುಗಿಸಿದ್ರೂ ಇಡೀ ದಿನದ ಕೂಲಿ ಕೊಡ್ಬೇಕು. ಈ ರೇಟೂ ಮೆಷಿನ್ನು ಇಲ್ಲೇ ಐತೆ ಅಂತ. ನಾವು ಹೋದ ಮ್ಯಾಲೆ ಕರೆದ್ರೆ ಇದಕ್ಕೂ ಯಾರೂ ಬರಾಕಿಲ್ಲ.”

“ಇದನ್ನೆಲ್ಲ ಬರೆದುಕೊಡಿ.”

“ಬರೆಯಾಕೆ ಬಂದಿದ್ರೆ ಕಾಲಿಗೆ ಗೋಣಿಚೀಲ ಯಾಕೆ ಕಟ್ಕಂತಿದ್ದೆ ಸಾರ್?”

ಆಳುಗಳೆಲ್ಲ ನಕ್ಕರು. ಆ ನಗೆಯನ್ನು ನಾನು ಅಪರಾಧದ ಒಪ್ಪಿಗೆಯೆಂದು ದಾಖಲಿಸಿಕೊಂಡೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಎಂ.ಎ. ಪರೀಕ್ಷೆಯಲ್ಲಿ ‘ಬೃಹತ್ ಪ್ರಮಾಣದ ಉತ್ಪಾದನೆಯ ಮಿತವ್ಯಯಗಳು’ ಎಂಬ ಪ್ರಶ್ನೆಗೆ ನಾನು ಐದು ಪುಟ ಉತ್ತರ ಬರೆದಿದ್ದೆ. ಉತ್ಪಾದನೆ ಹಿಗ್ಗಿದಂತೆ ಸ್ಥಿರ ವೆಚ್ಚವು ಹೆಚ್ಚು ಘಟಕಗಳ ಮೇಲೆ ಹಂಚಿಹೋಗುತ್ತದೆಂದು ರೇಖಾಚಿತ್ರ ಸಹಿತ ವಿವರಿಸಿದ್ದೆ. ಅಂಕವೂ ಧಾರಾಳವಾಗಿ ಬಂದಿತ್ತು. ಅದೇ ಸಿದ್ಧಾಂತ ಗೋಣಿಚೀಲ ಸುತ್ತಿಕೊಂಡು, ಹೊಗೆಯೊಳಗಿಂದ ನನ್ನೆದುರು ಬಂದು ನಿಂತಾಗ ನನಗೆ ಗುರುತು ಸಿಗಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅವ್ವನಿಗೆ ಸಿಕ್ಕಿತು. ರಾತ್ರಿ ಊಟಕ್ಕೆ ಕೂತು ನಾನು ಗುಡುಗುತ್ತಿದ್ದುದನ್ನು ಕೇಳಿ ಅವಳು ಹೇಳಿದಳು: “ಲೇ, ಒಬ್ಬರಿಗೆ ಮುದ್ದೆ ಮಾಡಿದ್ರೂ ಒಲೆ ಹಚ್ಚಬೇಕು, ಎಸರು ಇಡಬೇಕು, ಕೋಲು ತೊಳೀಬೇಕು. ಹತ್ತು ಜನಕ್ಕಾದ್ರೆ ಹಿಟ್ಟೊಂದೇ ಹೆಚ್ಚು. ಆ ಮೇಸ್ತ್ರಿ ಹೇಳಿದ್ದು ಅದೇ ಅಲ್ಲೇನೋ?”

“ಅವ್ವಾ, ಇದು ಮುದ್ದೆಯ ವಿಷಯ ಅಲ್ಲ, ಸಾರ್ವಜನಿಕ ಹಣದ ವಿಷಯ.”

“ಹಂಗಾರೆ ಬಾಯಿ ಮುಚ್ಕಂಡು ಉಣ್ಣು, ಆರೋಗ್ತೈತೆ.”

ಮರುದಿನ ರುದ್ರಣ್ಣನೂ ಬೇಡಿಕೊಂಡ. “ದರ ಹೆಚ್ಚೋ ಕಮ್ಮಿಯೋ, ಮೊದ್ಲು ಹಾಕ್ಲಿ ತಮ್ಮಾ. ಆಮೇಲೆ ಕೂಡಿ ಬೈಯ್ಯಾಣ.” ನಾನು ಅವನಿಗೆ ನಾಗರಿಕನ ಹಕ್ಕುಗಳ ಬಗ್ಗೆ ಸುಮಾರು ಅರ್ಧ ಗಂಟೆ ಮಾತನಾಡಿದೆ. ಅವನು ಅಷ್ಟೂ ಹೊತ್ತು ಒಂದು ಅಂಗಿಗೆ ಗುಂಡಿ ಹಚ್ಚುತ್ತ ಕೇಳಿ, ಕೊನೆಗೆ, “ಪೆನ್ನು ನಿನ್ನ ಕೈಯಾಗೈತೆ. ನೋಡು,” ಎಂದಷ್ಟೇ ಹೇಳಿದ. ನೋಡು ಎಂಬುದನ್ನು ನಾನು ಬರೆ ಎಂದು ಅರ್ಥೈಸಿಕೊಂಡೆ. ಚಿತ್ರದುರ್ಗದ ಒಂದು ಪತ್ರಿಕೆಗೆ ಪತ್ರ ಹೋಯಿತು, ಅದರ ಪ್ರತಿ ಜಿಲ್ಲಾ ಕಚೇರಿಗೂ ಹೋಯಿತು. ‘ಒಂದೇ ಡಾಂಬರಿಗೆ ಎರಡು ದರ: ಉತ್ತರಿಸುವವರು ಯಾರು?’ ಪತ್ರಿಕೆಯವರು ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕಿದರು. ನಾನು ಐದು ಪ್ರತಿ ಕೊಂಡು, ಒಂದನ್ನು ಓವರ್‌ಸಿಯರ್‌ಗೂ ತಲುಪಿಸಿದೆ.

ಅವನು ಅದನ್ನು ಆಗಲೇ ಓದಿದ್ದ. “ತನಿಖೆ ಮುಗಿಯೋಗಂಟ ನಿಮ್ಮ ಓಣಿ ಕೆಲಸ ನಿಲ್ಲಿಸ್ರಿ ಅಂತ ಮೇಲಿಂದ ಬಂದೈತೆ ಸಾರ್,” ಎಂದ. ಗೆದ್ದೆನೆಂದುಕೊಂಡೆ. ತಂಡವೇನೂ ತನಿಖೆಗೆ ಕಾಯಲಿಲ್ಲ. ಅದಕ್ಕೆ ಮುಗಿಸಬೇಕಾದ ರಸ್ತೆಯಿತ್ತು, ದಿನದ ಬಾಡಿಗೆಯ ರೋಲರ್ ಇತ್ತು. ಡಾಂಬರಿನ ಹೊಗೆ ಒಂದು ದಿನ ಊರ ಅಂಚಿನಲ್ಲಿ ಕಂಡಿತು, ಮರುವಾರ ದಿಬ್ಬದಾಚೆ, ಆಮೇಲೆ ಹೊಸದುರ್ಗದ ದಿಕ್ಕಿನಲ್ಲಿ ಕಣ್ಣು ಕಿರಿದುಮಾಡಿ ನೋಡಿದರಷ್ಟೇ ಕಾಣುವ ಒಂದು ಗೆರೆ. ರುದ್ರಣ್ಣನ ಅಂಗಡಿಯಿಂದ ಆ ಗೆರೆಯೂ ಕಾಣುತ್ತಿತ್ತು. ಅದು ಪೂರ್ತಿ ಮರೆಯಾದ ಮೇಲೆ ಚಿತ್ರದುರ್ಗದಿಂದ ಇಂಜಿನಿಯರ್ ಒಬ್ಬರು ಜೀಪಿನಲ್ಲಿ ಬಂದರು, ಓಣಿಯನ್ನು ಟೇಪು ಹಿಡಿದು ಅಳೆದರು, ಕಾಗದ ನೋಡಿದರು. ಬಹಳ ಸಭ್ಯ ಮನುಷ್ಯ. “ದರ ಸರಿಯಾಗೇ ಇದೆ. ಯಂತ್ರ ಇಲ್ಲೇ ಇದ್ದದ್ದರಿಂದ ಕಡಿಮೆಯೇ ಆಗಿತ್ತು,” ಎಂದು ನನಗೆ ವಿವರಿಸಿ, “ನೀವು ಏನು ಓದಿದ್ದೀರಿ?” ಎಂದು ಕೇಳಿದರು. ಆ ಕ್ಷಣದಲ್ಲಿ ನನಗೆ ಇತಿಹಾಸವೆಂದು ಸುಳ್ಳು ಹೇಳಬೇಕೆನಿಸಿತು. ಹೇಳಿಯೇಬಿಟ್ಟೆ.

ಅವಮಾನಕ್ಕಿಂತ ಆತಂಕ ದೊಡ್ಡದಾಗಿದ್ದರಿಂದ ಬಸ್ಸು ಹಿಡಿದು ಚಿತ್ರದುರ್ಗ, ಹಿರಿಯೂರು ದಾಟಿ ಜವನಗೊಂಡನಹಳ್ಳಿಗೆ ಹೋದೆ. ಓಬಳೇಶ ಮನೆಯ ಜಗಲಿಯ ಮೇಲೆ ಬಿಳಿ ಪಂಚೆ ಉಟ್ಟು ಶೇಂಗಾ ಸುಲಿಯುತ್ತಿದ್ದ. ಹೊಗೆಯಿಲ್ಲದೆ ಅವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. “ಬರ್ರಿ ಸಾರ್. ಈಗಾದ್ರೂ ಕುಂತ್ಕಂತೀರೇನ್ರಿ?” ಎಂದ. ಕುಳಿತೆ. ಶೇಂಗಾ ಕೊಟ್ಟ. ಬಂದು ನಮ್ಮ ಓಣಿಯೊಂದನ್ನು ಮಾಡಿಕೊಡಬೇಕೆಂದೂ, ದರ ಎಷ್ಟಾದರೂ ನಾನು ತುಟಿ ಬಿಚ್ಚುವುದಿಲ್ಲವೆಂದೂ ಬೇಡಿಕೊಂಡೆ.

“ಕೋಪ ಮಾಡ್ಕಂಡು ಹೇಳ್ತಿಲ್ಲ ಸಾರ್. ಇಲ್ಲಿಂದ ನಿಮ್ಮೂರಿಗೆ ರೋಲರ್ ಹೊಂಟ್ರೆ, ಅದು ಬರೋ ದಾರಿ ಸವೆದಿದ್ದಕ್ಕೆ ಹಾಕೋ ಡಾಂಬ್ರೇ ನಿಮ್ಮ ಓಣಿಗಿಂತ ಜಾಸ್ತಿ ಆಗ್ತೈತೆ. ಒಂದು ಕೆಲಸ ಮಾಡ್ರಿ. ನಿಮ್ಮಂಥವು ಹದಿನೈದು ಓಣಿ ಕೂಡಿಸ್ರಿ. ಯಾರನ್ನ ಕರೆದ್ರೂ ಓಡಿ ಬರ್ತಾರೆ.”

ಹೀಗೆ ನಾನು ಓಣಿ ಕೂಡಿಸುವವನಾದೆ. ಪತ್ರ ಬರೆಯುವುದಕ್ಕಿಂತ ಇದು ಎಷ್ಟು ಕಷ್ಟವೆಂದು ಮನೆಮನೆ ತಿರುಗಿದ ಮೇಲೆ ತಿಳಿಯಿತು. ಒಂದು ಓಣಿಯವರು ಮೊದಲು ತಮ್ಮದಕ್ಕೇ ಹಾಕುವುದಾದರೆ ಸಹಿ ಮಾಡುತ್ತೇವೆಂದರು. ಪಕ್ಕದ ಓಣಿಯವರು ಅವರದಕ್ಕೆ ಕೊನೆಗೆ ಹಾಕುವುದಾದರೆ ಮಾತ್ರ ಎಂದರು. ಕೆರೆಯ ಕಡೆಯ ಓಣಿಯ ಒಬ್ಬ ಹಿರಿಯರು ನನ್ನ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಮಡಿಸಿ, ಗೌರವದಿಂದಲೇ ವಾಪಸು ಕೊಟ್ಟರು. “ನಮ್ಮ ಹೆಸ್ರು ಬ್ಯಾಡಪ್ಪ. ಬರೋ ಹೊತ್ತಿಗೆ ಬರ್ಲಿ. ನೀನು ಸೇರ್ಕಂಡ್ರೆ ಬರೋದೂ ನಿಂತೋಗ್ತೈತೆ.” ಊರಿನಲ್ಲಿ ನನ್ನ ಪತ್ರವನ್ನು ಇಷ್ಟು ಜನ ಓದಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಎರಡು ವರ್ಷ ತಿರುಗಿ ಏಳು ಓಣಿ ಕೂಡಿಸಿದೆ. ಅಷ್ಟರಲ್ಲಿ ಮೊದಲು ಸಹಿ ಮಾಡಿದ್ದ ಮೂರು ಓಣಿಯವರು ಬೇಸತ್ತು ಹಿಂದಕ್ಕೆ ಸರಿದರು.

ಮೂರನೆಯ ಮಳೆಗಾಲದ ಒಂದು ಸಂಜೆ ಗೌರಮ್ಮ ಕಾಲು ಜಾರಿ ಬಿದ್ದಳು. ಇಬ್ಬರೂ ಬಿದ್ದರು. ರುದ್ರಣ್ಣನಿಗೆ ಏನೂ ಆಗಲಿಲ್ಲ. ಅವಳ ಮಣಿಕಟ್ಟು ಮುರಿಯಿತು. ಆ ಚಳಿಗಾಲದಲ್ಲೇ ಅವರು ಮನೆ ಮಾರಿದರು. ವಿಷಯ ತಿಳಿದು ನಾನು ಅಂಗಡಿಗೆ ಓಡಿದಾಗ ರುದ್ರಣ್ಣ ಯಾರದೋ ಕತ್ತಿನ ಅಳತೆ ತೆಗೆಯುತ್ತಿದ್ದ. ಅಂಗಡಿಯ ಹಿಂದಿನ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ನಾನು ಏನೋ ಹೇಳಲು ಹೊರಟೆ. ಹೊಸದಾಗಿ ಅರ್ಜಿ ಹಾಕಿದ್ದೇನೆ, ಇನ್ನೊಂದು ವರ್ಷ ತಡೆದಿದ್ದರೆ, ಎಂದೆಲ್ಲ. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು, “ಬೆನ್ನು ಅವಳ್ದು ಕಣಪ್ಪ, ನಂದಲ್ಲ. ಇನ್ನೊಂದು ವರ್ಷ ಕೊಡು ಅಂತ ಹೆಂಗೆ ಕೇಳ್ಲಿ?” ಎಂದ. ಬೈಯಲಿಲ್ಲ. ಬೈದಿದ್ದರೆ ನಾನು ವಾದಿಸಬಹುದಿತ್ತು.

ಡಾಂಬರು ಬಂದದ್ದು ಇನ್ನೂ ಮೂರು ವರ್ಷಗಳ ಮೇಲೆ. ನನ್ನ ಓಣಿ ಕೂಡಿಸುವಿಕೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಊರಿನ ಓಣಿಗಳನ್ನೆಲ್ಲ ಒಂದೇ ಕಾಮಗಾರಿಯಾಗಿ ಮಾಡುವ ಯೋಜನೆಯೊಂದು ಮೇಲಿನಿಂದ ತಾನಾಗಿಯೇ ಬಂತು. ನಮ್ಮ ನೂರಿಪ್ಪತ್ತು ಹೆಜ್ಜೆ ಒಂದು ಬೆಳಿಗ್ಗೆ ಶುರುವಾಗಿ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದುಹೋಯಿತು. ಎರಡು ದಿನ ಬಿಟ್ಟು ನಾನು ರುದ್ರಣ್ಣನ ಮುಂದೆ ಹೋಗಿ ನಿಂತೆ. ಕರೆಯುವ ಹಕ್ಕು ನನಗಿರಲಿಲ್ಲ. ಆದರೂ, “ಒಂದ್ಸಲ ಬಾ, ನೋಡ್ಕಂಡು ಬರಾಣ,” ಎಂದೆ. ಅವನು ಮಷೀನಿಗೆ ಬಟ್ಟೆ ಮುಚ್ಚಿ ಗಾಡಿ ಏರಿದ. ಓಣಿಗೆ ತಿರುಗಿದವನು ಎಲ್ಲೂ ನಿಲ್ಲದೆ ಕೊನೆಯ ಮನೆಯವರೆಗೂ ಹೋದ. ಬಾಗಿಲಿಗೆ ಹೊಸ ಬಣ್ಣ ಬಳಿದಿತ್ತು. ಒಳಗಿನಿಂದ ಯಾರೋ ಅಪರಿಚಿತ ಹೆಂಗಸು ಬಂದು, “ಯಾರು ಬೇಕಾಗಿತ್ರಿ?” ಎಂದು ಕೇಳಿದಳು. “ಯಾರೂ ಇಲ್ಲವ್ವ, ರಸ್ತೆ ನೋಡಾಕೆ ಬಂದಿದ್ವಿ,” ಎಂದು ರುದ್ರಣ್ಣ ಗಾಡಿ ತಿರುಗಿಸಿದ.

ಅರ್ಧ ದಾರಿಗೆ ಬಂದ ಮೇಲೆ, “ಹೂವಿನಂಗೆ ಹೋಗ್ತೈತೆ ಗಾಡಿ,” ಎಂದ. ಚಕ್ರ ತಿರುಗಿಸುತ್ತಲೇ ಕೇಳಿದ: “ರೇಟು ವಿಚಾರಿಸಿದೇನಪ್ಪ?”

“ಇಲ್ಲ ರುದ್ರಣ್ಣ.”

“ವಿಚಾರಿಸು, ವಿಚಾರಿಸು. ಹಾಕಿ ಆಯ್ತಲ್ಲ, ಈಗ ಕೇಳಿದ್ರೆ ಯಾರಿಗೂ ನಷ್ಟ ಇಲ್ಲ.”

ಅವನು ನಗುತ್ತಿದ್ದನೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ. ಗಾಡಿಯ ಹಿಂದೆ ನಡೆಯುತ್ತಿದ್ದೆ. ಮರುದಿನ ಬೆಳಿಗ್ಗೆ ಕಚೇರಿಗೆ ಹೋದೆ. ಓವರ್‌ಸಿಯರ್ ನನ್ನನ್ನು ಬಾಗಿಲಲ್ಲೇ ಗುರುತಿಸಿ, ಕುರ್ಚಿಯಿಂದ ಎದ್ದು, ಎರಡೂ ಕೈ ಜೋಡಿಸಿಬಿಟ್ಟ. “ಸಾರ್, ಕಡತ ನಿಮ್ಮ ಮುಂದೆ ಇಡ್ತೀನಿ, ಒಂದೊಂದು ಹಾಳೆನೂ ತೋರಿಸ್ತೀನಿ. ಕೆರೆ ಕಡೆ ಇನ್ನೂ ನಾಲ್ಕು ಓಣಿ ಬಾಕಿ ಅವೆ. ಅವು ಮುಗೀಲಿ, ಆಮೇಲೆ ಬರ್ರಿ.” ನಾನು ಬಾಗಿಲಿಂದಲೇ ಹಿಂತಿರುಗಿದೆ. ನಡುವೆ ಮಳೆ ಬಿದ್ದದ್ದರಿಂದ ಆ ನಾಲ್ಕು ಓಣಿಗೆ ಹದಿನೈದು ದಿನ ಹಿಡಿಯಿತು. ಅಷ್ಟೂ ದಿನ ನಾನು ಕೆರೆಯ ಕಡೆ ತಲೆ ಹಾಕಲಿಲ್ಲ. ನನ್ನ ನೆರಳು ಕಂಡರೆ ರೋಲರ್ ನಿಂತೀತೆಂದು ಹೆದರಿಕೊಂಡು ಮನೆಯಲ್ಲೇ ಕುಳಿತಿದ್ದೆ. ಹದಿನಾರನೆಯ ದಿನ, ಕಚೇರಿಯ ಬೀಗ ತೆಗೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ.