ಕುತ್ತಿಗೆ ನೋಡಲು ಬಂದವರು

ಈ ಸಂಗತಿಯನ್ನು ಹೇಳಿ ಹಗುರಾಗಬೇಕೆಂದು ನಾನು ಅಂದುಕೊಳ್ಳಲು ಶುರುಮಾಡಿ ಬಹಳ ವರ್ಷಗಳಾದವು. ಅಂದುಕೊಂಡಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಬರದಿದ್ದರೆ ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ. ಮುಂದೂಡುವುದು ನನಗೆ ಗಡ್ಡದಿಂದ ಅಂಟಿದ ಗುಣ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಗಲ್ಲ ಸವರಿಕೊಂಡು, ‘ಇವತ್ತೊಂದು ದಿನ ನಡೆಯುತ್ತದೆ’ ಎಂದು ತೀರ್ಮಾನಿಸುವ ಗಂಡಸು ಮಿಕ್ಕ ವಿಷಯಗಳಲ್ಲೂ ಅದೇ ತೀರ್ಮಾನಕ್ಕೆ ಬರುತ್ತಾನೆ. ಗಡ್ಡವಾದರೂ ಊರಿಗೆಲ್ಲ ಕಾಣುತ್ತದೆ, ಯಾರಾದರೂ ಕೇಳುತ್ತಾರೆ. ಇದನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಚೆನ್ನಾಗಿ ಬೆಳೆಯಿತು.

ನಾನು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದವನು. ಹೈಸ್ಕೂಲು ಮುಗಿಯುವ ಹೊತ್ತಿಗೆ ಅಪ್ಪ ತೀರಿಕೊಂಡದ್ದರಿಂದ ಓದು ಅಲ್ಲಿಗೇ ನಿಂತಿತು. ಕೊಬ್ಬರಿಯ ವಿಷಯದಲ್ಲಿ ಮಾತ್ರ ನನ್ನದು ದೊಡ್ಡ ಹೆಸರು. ಉಂಡೆ ಕೊಬ್ಬರಿಯನ್ನು ಉಗುರಿನಿಂದ ತಟ್ಟಿ, ಒಳಗೆ ಹಸಿ ಉಳಿದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದೆ. ಅಷ್ಟು ಬಲ್ಲ ಕೈಗೆ ಸ್ವಂತ ಗಲ್ಲದ ಪರಿಚಯವೇ ಇರಲಿಲ್ಲ. ನಲವತ್ತು ದಾಟುವವರೆಗೆ ನನ್ನ ಮುಖವನ್ನು ಸಲೂನಿನವನಿಗೆ ಒಪ್ಪಿಸಿ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದೇ ನನ್ನ ಕ್ಷೌರದ ಅನುಭವ. ಹಾಗೆಂದು ನನ್ನಲ್ಲಿ ಸಾಮಾನು ಇರಲಿಲ್ಲವೆಂದಲ್ಲ. ಮದುವೆಯಲ್ಲಿ ಮಾವನವರು ವರೋಪಚಾರದ ತಟ್ಟೆಯಲ್ಲಿ ಪಂಚೆ, ಶಲ್ಯ, ಕೈಗಡಿಯಾರದ ಜೊತೆಗೆ ಫಳಫಳ ಹೊಳೆಯುವ ಒಂದು ಶೇವಿಂಗ್ ಸೆಟ್ಟನ್ನೂ ಇಟ್ಟುಕೊಟ್ಟಿದ್ದರು. ಗಡಿಯಾರ ಬಹಳ ದಿನ ನಡೆಯಲಿಲ್ಲ, ಶಲ್ಯವನ್ನು ಇಲಿ ತಿಂದಿತು. ಶೇವಿಂಗ್ ಸೆಟ್ಟು ಮಾತ್ರ ಬೀರುವಿನಲ್ಲಿ, ಬೆಳ್ಳಿಯ ಕುಂಕುಮದ ಭರಣಿಯ ಪಕ್ಕ, ಪೂಜೆಗೆ ಇಟ್ಟ ಹಾಗೆ ಕೂತಿತ್ತು. ಮನೆಗೆ ಬಂದ ನೆಂಟರಿಗೆಲ್ಲ ಅದನ್ನು ತೆರೆದು ತೋರಿಸುತ್ತಿದ್ದೆ. “ಉಪಯೋಗಿಸ್ತೀರಾ?” ಎಂದು ಯಾರಾದರೂ ಕೇಳಿದರೆ, “ಮತ್ತಿನ್ನೇನು!” ಎನ್ನುತ್ತಿದ್ದೆ. ನನ್ನ ಹೆಂಡತಿ ಆ ಹೊತ್ತಿಗೆ ಒಳಗೆ ಏನಾದರೂ ಕೆಲಸ ನೆನಪಿಸಿಕೊಂಡು ಎದ್ದು ಹೋಗುತ್ತಿದ್ದಳು.

ಅಪ್ಪ ಇಲ್ಲದ ಮನೆಯಲ್ಲಿ ನನ್ನ ತಂಗಿಗೆ ನಾನೇ ಅಪ್ಪನ ಜಾಗದಲ್ಲಿದ್ದೆ. ನನಗಿಂತ ತೀರ ಚಿಕ್ಕವಳು. ತೊಂಬತ್ತರ ದಶಕದ ಶುರುವಿನಲ್ಲಿ ಅವಳಿಗೆ ಬೇಲೂರಿನಿಂದ ಒಂದು ಸಂಬಂಧ ಬಂತು. ಹುಡುಗ ಸ್ಕೂಲ್ ಮೇಷ್ಟ್ರು. ಅವನ ಫೋಟೋ ಮೊದಲೇ ಬಂದಿತ್ತು. ತಂಗಿ ಅದನ್ನು ಹಜಾರದ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದಳು. “ಎಲ್ಲಾದ್ರೂ ಕಳೆದೋದ್ರೆ ಅಂತ ಕಣಣ್ಣ” ಎಂದು ಕಾರಣ ಕೊಟ್ಟಳು. ಅವಳು ಬಾಚಣಿಗೆ ಹಿಡಿದು ಆ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ದಿನದಿನಕ್ಕೆ ಉದ್ದವಾದದ್ದನ್ನು ನಾವೆಲ್ಲ ನೋಡಿಯೂ ನೋಡದ ಹಾಗಿದ್ದೆವು. ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೆಣ್ಣು ನೋಡಲು ಬರುತ್ತೇವೆಂದು ಮಂಡಿಯ ಫೋನಿಗೆ ಸುದ್ದಿ ಬಂದದ್ದು ಮಂಗಳವಾರ. ಮಂಗಳವಾರ ನಮ್ಮಲ್ಲಿ ಸಲೂನುಗಳಿಗೆ ರಜ. ಬುಧವಾರ ಸಲೂನಿನ ಬಾಗಿಲು ತೆರೆಯುವ ಹೊತ್ತಿಗೆ ಅವರು ನಮ್ಮ ಹಜಾರದಲ್ಲಿ ಕೂತಿರುತ್ತಾರೆ. ನನ್ನ ಮುಖದ ಮೇಲೋ, ಕುಯ್ಲು ಮುಗಿದ ಹೊಲದ ಹಾಗೆ ಕೂಳೆ ಎದ್ದು ನಿಂತಿತ್ತು. ಬೀರು ತೆರೆದೆ.

ಶೇವಿಂಗ್ ಸೆಟ್ಟಿನೊಳಗಿದ್ದ ಬ್ಲೇಡಿಗೆ ನನ್ನ ದಾಂಪತ್ಯದಷ್ಟೇ ವಯಸ್ಸಾಗಿತ್ತು, ಅದರಷ್ಟೇ ಅಲ್ಲಲ್ಲಿ ಕಲೆಯೂ ಹಿಡಿದಿತ್ತು. ಮೈ ಸೋಪನ್ನೇ ಮುಖಕ್ಕೆ ತಿಕ್ಕಿ, ತಣ್ಣೀರು ಎರಚಿ, ಮೇಲಿಂದ ಕೆಳಕ್ಕೆ ಎಳೆದೆ. ಏನೂ ಬಾರದೆ ಇದ್ದಾಗ ಒತ್ತಿ ಎಳೆದೆ. ಆಮೇಲೆ ಕೈಯಿಂದ ಸವರಿ ನೋಡಿ, ತರಿತರಿಯಾಗಿದೆಯೆಂದು ಕುತ್ತಿಗೆಯಿಂದ ಮೇಲಕ್ಕೆ, ಕೂದಲಿಗೆ ಎದುರಾಗಿ, ಹಲ್ಲು ಕಚ್ಚಿ ಎಳೆದೆ. ರಕ್ತ ಬಂದ ಕಡೆಯಲ್ಲೆಲ್ಲ ಪೇಪರಿನ ಚೂರು ಅಂಟಿಸಿಕೊಂಡೆ. ಹಜಾರದಲ್ಲಿ ಹೂ ಕಟ್ಟುತ್ತಿದ್ದ ತಂಗಿ ನೋಡಿ, “ಅಣ್ಣ, ಗಡ್ಡ ತೆಗೀತಿದ್ದೀಯೋ, ಕೊಬ್ರಿ ತುರೀತಿದ್ದೀಯೋ?” ಎಂದಳು. ಬುಧವಾರ ನಸುಕಿಗೆ ಮತ್ತೆ ಸವರಿ ನೋಡಿದೆ. ಸಮಾಧಾನವಾಗದೆ, ಉರಿಯುತ್ತಿದ್ದ ಚರ್ಮದ ಮೇಲೆಯೇ ಅದೇ ಬ್ಲೇಡಿನಿಂದ ಇನ್ನೊಂದು ಸುತ್ತು ಎಳೆದೆ. ಬಸ್ಸು ಬರುವ ಹೊತ್ತಿಗೆ ಕಿವಿಯ ಕೆಳಗಿನಿಂದ ಗಂಟಲಿನವರೆಗೆ ಕೆಂಪು ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು.

ಹುಡುಗ, ಅವನ ತಾಯಿ, ಸೋದರಮಾವ ಮೂವರೇ ಬಂದರು. ಮಾತೆಲ್ಲ ಸೋದರಮಾವನವರದು. ನನ್ನ ಕಣ್ಣು ಅವರ ಗಲ್ಲದ ಮೇಲೆಯೇ ನಿಂತಿತು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಯ ಕಂಬದಲ್ಲಿ ನಮ್ಮ ಮುಖ ನಮಗೇ ಕಾಣುತ್ತದಲ್ಲ, ಅಂಥ ನುಣುಪು. ಮಳೆ, ಕೊಬ್ಬರಿ ರೇಟು ಎಲ್ಲ ಆದಮೇಲೆ ಅವರು ಆ ಗಲ್ಲವನ್ನು ಪ್ರೀತಿಯಿಂದ ಸವರಿಕೊಂಡು, “ಸಲೂನಲ್ಲಿ ಕಾಯೋದು ನಮ್ ಕೈಲಾಗಲ್ಲ ಸ್ವಾಮಿ. ವಯಸ್ಸಿಗೆ ಬಂದಾಗ್ಲಿಂದ ನಾನು ನನ್ ಕೈಯಾರೆ ಮಾಡ್ಕೊಳ್ಳೋದು” ಎಂದರು.

ಅಲ್ಲಿ ಸುಮ್ಮನಿದ್ದರೆ ಮುಗಿಯುತ್ತಿತ್ತು. ನಾನು, “ನಾನೂ ಅಷ್ಟೇ. ಮದುವೆ ಆದಾಗ್ಲಿಂದ ಸಲೂನಿನ ಮೆಟ್ಲು ಹತ್ತಿಲ್ಲ” ಎಂದೆ. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

“ಹೌದಾ?” ಎಂದು ಅವರು ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. “ಮತ್ತೆ ಕುತ್ತಿಗೆ ಮೇಲೆ ಏನ್ ಅದು, ಅಷ್ಟೊಂದು ಕೆಂಪಗೆ?”

‘ನನಗೆ ಶೇವ್ ಮಾಡಿಕೊಳ್ಳಲು ಬರುವುದಿಲ್ಲ’ ಎಂಬ ಒಂದು ವಾಕ್ಯ ಸಾಕಿತ್ತು. ಎಲ್ಲರೂ ನಕ್ಕು ಉಪ್ಪಿಟ್ಟು ತಿನ್ನುತ್ತಿದ್ದರು. ಆದರೆ ಮೀಸೆ ಹೊತ್ತ ಗಂಡಸು ಇನ್ನೊಬ್ಬ ಗಂಡಸಿನ ಎದುರು ಹಾಗೆ ಹೇಳುವುದುಂಟೆ? ನನ್ನ ಬಾಯಿಯಿಂದ ಬಂದದ್ದು ಇದು: “ಅದಾ? ಅದು ಬ್ಲೇಡಿಂದ ಆಗಿದ್ದಲ್ಲ ಸ್ವಾಮಿ. ಅದು ನಮ್ಮ ವಂಶದಲ್ಲೇ ಇರೋದು. ನಮ್ಮಪ್ಪಂಗೂ ಇತ್ತು.”

ತಂಗಿ ತಟ್ಟೆಗಳನ್ನು ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮೂಲೆಯಲ್ಲಿ ಕೂತಿದ್ದ ನಮ್ಮಮ್ಮ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹುಡುಗನ ತಾಯಿ ಮೆಲ್ಲಗೆ, “ಹೆಣ್ಮಕ್ಕಳಿಗೂ ಬರುತ್ತಾ?” ಎಂದು ಕೇಳಿದರು. “ಇಲ್ಲ ಇಲ್ಲ, ಬರೀ ಗಂಡಸರಿಗೆ” ಎಂದು ನಾನು ಸರಿಪಡಿಸಲು ಹೋದೆ. “ಅಂದ್ರೆ ನಾಳೆ ಈ ಹುಡುಗಿಗೆ ಹುಟ್ಟೋ ಗಂಡುಮಕ್ಕಳಿಗೆ?” ಎಂದರು ಆಕೆ. “ಎಲ್ಲಾರ್ಗೂ ಬರಲ್ಲಮ್ಮ, ದೊಡ್ಡವನಿಗೆ ಬಂದ್ರೆ ಬಂತು” ಎಂದೆ. ಇಷ್ಟು ವಿವರವಾಗಿ ಸುಳ್ಳು ಹೇಳುವ ಶಕ್ತಿ ನನ್ನಲ್ಲಿದೆಯೆಂದು ಆವರೆಗೆ ನನಗೇ ಗೊತ್ತಿರಲಿಲ್ಲ. ಮೇಷ್ಟ್ರು ಹುಡುಗ, ತಂಗಿ ಇಟ್ಟುಹೋದ ತಟ್ಟೆಯತ್ತ ತಲೆ ತಗ್ಗಿಸಿ ಉಪ್ಪಿಟ್ಟಿನ ಸಾಸಿವೆ ನೋಡುತ್ತಿದ್ದ. ಊರಿಗೆ ಹೋಗಿ ತಿಳಿಸುತ್ತೇವೆಂದು ಹೇಳಿ ಮೂವರೂ ಎದ್ದರು. ಬಾಳೆಹಣ್ಣನ್ನೂ ಮುಟ್ಟಲಿಲ್ಲ.

ಅವರು ಬೀದಿಯ ತಿರುವು ದಾಟುತ್ತಲೇ ಅಮ್ಮ ಶುರುಮಾಡಿದಳು. “ನಿಮ್ಮಪ್ಪಂಗೆ ಯಾವಾಗ ಇತ್ಲಾ ಅದು? ಸತ್ತೋರ್ ಮುಖದ ಮೇಲೂ ಗುಳ್ಳೆ ಎಬ್ಬಿಸ್ಬಿಟ್ಯಲ್ಲೋ!” ನಾನು ಅಮ್ಮನಿಗೇ ಗದರಿದೆ. ತಂಗಿ ಯಾರು ಗದರಿದರೂ ಗದರದಿದ್ದರೂ ತನಗೆ ಸಂಬಂಧವಿಲ್ಲವೆಂಬಂತೆ ಮುಟ್ಟದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಜೋಡಿಸಿ ಮುಗಿಸಿ, “ನನ್ ಮುಖಾನ ಅವ್ರು ನೋಡ್ಲೇ ಇಲ್ಲ ಕಣಣ್ಣ. ನಿನ್ ಕುತ್ತಿಗೆ ನೋಡ್ಕೊಂಡ್ ಹೋದ್ರು” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಆ ವಾರವೇ ಫೋಟೋ ವಾಪಸು ಕೇಳಿದರು. ಅವಳೇ ಕನ್ನಡಿಯಿಂದ ಅದನ್ನು ಬಿಡಿಸಿ, ಸೆರಗಿನಿಂದ ಧೂಳು ಒರೆಸಿ, ನನ್ನ ಕೈಗೆ ಕೊಟ್ಟಳು.

ಇನ್ನು ನನ್ನ ಹೆಚ್ಚುಗಾರಿಕೆ ಕೇಳಿ. ಸಂಬಂಧ ಯಾಕೆ ಮುರಿಯಿತೆಂದು ನೆಂಟರು ಕೇಳಿದಾಗ, “ವರದಕ್ಷಿಣೆ ಜಾಸ್ತಿ ಕೇಳಿದ್ರು. ತಂಗೀನ ಮಾರೋಕೆ ನಾನು ತಯಾರಿಲ್ಲ ಅಂದ್ಬಿಟ್ಟೆ” ಎಂದು ಹೇಳಿಕೊಂಡು ತಿರುಗಿದೆ. ಆ ಪಾಪದ ಮನೆಯವರು ಒಂದು ಕಾಸು ಕೇಳಿದವರಲ್ಲ. ಅಂಥ ಅಣ್ಣ ಎಲ್ಲರಿಗೂ ಇರಬೇಕೆಂದು ಜನ ನನ್ನ ಬೆನ್ನು ತಟ್ಟಿದರು. ಒಂದು ಮದುವೆ ಮನೆಯಲ್ಲಂತೂ ಹಿರಿಯರೊಬ್ಬರು ನಾಲ್ಕು ಜನರ ಮುಂದೆ ನನ್ನನ್ನು ಹೊಗಳಿದರು. ಪಕ್ಕದ ಪಂಕ್ತಿಯಲ್ಲಿ ಕೂತಿದ್ದ ತಂಗಿ ಅದನ್ನು ಕೇಳಿಸಿಕೊಂಡು, ಎಲೆಯ ಮೇಲೆ ಮಜ್ಜಿಗೆ ಹಾಕಿಸಿಕೊಂಡು, ನನ್ನ ಕಡೆ ನೋಡದೆ ಊಟ ಮುಗಿಸಿದಳು.

ಆದರೆ ನಾನು ಹೇಳಿದ್ದ ವಂಶದ ಸುಳ್ಳು ನನಗಿಂತ ಮುಂಚೆ ಬಸ್ಸು ಹತ್ತಿತ್ತು. ಬೇಲೂರಿನಲ್ಲಿ ಹತ್ತಿ, ಹಳೇಬೀಡಿನಲ್ಲಿ ಇಳಿದು ಕಾಫಿ ಕುಡಿದು, ಜಾವಗಲ್ಲಿನಲ್ಲಿ ಹತ್ತಾರು ಜನರನ್ನು ಮಾತಾಡಿಸಿಕೊಂಡು ಅರಸೀಕೆರೆಗೆ ವಾಪಸು ಬರುವ ಹೊತ್ತಿಗೆ ನಮ್ಮ ವಂಶದ ಗಂಡಸರಿಗೆಲ್ಲ ಚರ್ಮ ಸುಲಿದು ಬೀಳುತ್ತದೆ ಎಂಬಲ್ಲಿಗೆ ಬೆಳೆದಿತ್ತು. ಆಮೇಲೆ ಹೆಣ್ಣು ನೋಡಲು ಬಂದವರೆಲ್ಲ ಮೊದಲು ನನ್ನ ಕುತ್ತಿಗೆ ನೋಡಿದರು. ಇಷ್ಟಾದರೂ ನಾನು ಸಲೂನಿಗೆ ಹೋಗುವಂತಿರಲಿಲ್ಲ. ಮನೆಯಲ್ಲೇ ಮಾಡಿಕೊಳ್ಳುವವನೆಂದು ಹೇಳಿಯಾಗಿತ್ತಲ್ಲ! ಸಲೂನಿನ ಕುರ್ಚಿಯಲ್ಲಿ ಯಾರಾದರೂ ಕಂಡರೆ ನನ್ನ ಸತ್ಯಸಂಧತೆಗೆ ಧಕ್ಕೆ. ಹೀಗಾಗಿ ದಿನಾ ಎಳೆದುಕೊಳ್ಳುವುದು, ಗುಳ್ಳೆ ಬರಿಸಿಕೊಳ್ಳುವುದು, ಅದರ ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ, ಪಟಿಕ ತಿಕ್ಕಿಕೊಳ್ಳುವುದು. ಪಟಿಕ ತಾಗಿದಾಗ ನಾನು ಹಾಕುತ್ತಿದ್ದ ಕೂಗಿಗೆ ಹಿತ್ತಲಿನ ಹಸು ಕತ್ತೆತ್ತಿ ನೋಡುತ್ತಿತ್ತು.

ಕೊನೆಗೆ ತಂಗಿಯೇ ಒಂದು ಭಾನುವಾರ ಕನ್ನಡಿ ಹಿಡಿದು ಎದುರಿಗೆ ಕೂತಳು. “ಅಣ್ಣ, ಹಸು ಮೈ ತಿಕ್ಕೋವಾಗ ಕೂದ್ಲು ಮಲಗಿರೋ ಕಡೆ ಕೈ ಆಡ್ಸಿದ್ರೆ ಸುಮ್ನಿರುತ್ತೆ. ಎದುರಿಗೆ ಆಡ್ಸಿದ್ರೆ ಒದೆಯುತ್ತೆ. ನಿನ್ ಮುಖಾನೂ ಒದೀತೈತೆ ಅಷ್ಟೇ” ಎಂದಳು. ನನ್ನ ಬೆರಳನ್ನೇ ಹಿಡಿದು ಕುತ್ತಿಗೆಯ ಮೇಲೆ ಆಡಿಸಿ, ಎಲ್ಲಿ ಕೂದಲು ಯಾವ ಕಡೆಗೆ ಮಲಗಿದೆಯೆಂದು ತೋರಿಸಿದಳು. ನನ್ನ ಕುತ್ತಿಗೆಯ ಎಡಗಡೆ ಅದು ಕಿವಿಯ ಕಡೆಗೆ ಓಡುತ್ತದೆಂಬುದು ನಲವತ್ತು ವರ್ಷ ಆ ಕುತ್ತಿಗೆಯನ್ನು ಹೊತ್ತು ತಿರುಗಿದ ನನಗೆ ಗೊತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಮುಖದ ಮೇಲೆ ಹಾಕಿ ಕೂರಿಸಿದಳು. ಮಾವನವರ ಕಾಲದ ಬ್ಲೇಡನ್ನು ಹೆಂಡತಿ ನನ್ನ ಕಣ್ಣೆದುರೇ ತಿಪ್ಪೆಗೆ ಎಸೆದು ಹೊಸದು ಕೊಟ್ಟಳು. “ಒತ್ತಬೇಡ, ಅದರ ಭಾರಕ್ಕೇ ಅದು ಇಳೀಲಿ. ಮಾತಾಡ್ಬೇಡ, ಕುಯ್ದೋಗುತ್ತೆ. ಒಂದೇ ಸಲ, ಸಾಕು” ಎನ್ನುತ್ತಿದ್ದಳು ತಂಗಿ. “ಇನ್ನೂ ತರಿತರಿ ಐತಲ್ಲೇ” ಎಂದರೆ, “ಇರ್ಲಿ ಬಿಡು. ನಿನ್ ಗಲ್ಲದಲ್ಲಿ ಯಾರೂ ಮುಖ ನೋಡ್ಕೊಬೇಕಾಗಿಲ್ಲ” ಎನ್ನುತ್ತಿದ್ದಳು. ನನ್ನ ಹಟವೆಲ್ಲ ಆ ನುಣುಪಿನದೇ ಆಗಿತ್ತು. ಅದನ್ನು ಬಿಟ್ಟ ತಿಂಗಳೊಳಗೆ ಗುಳ್ಳೆಗಳು ಇದ್ದ ಗುರುತೂ ಇಲ್ಲದೆ ಹೋದವು.

ಅಷ್ಟು ಹೊತ್ತಿಗೆ ಹುಲಿಕೆರೆಯಿಂದ ತೆಂಗಿನ ತೋಟದವರು ಬಂದರು. ಹುಡುಗನ ತಂದೆ ನೇರ ಮನುಷ್ಯ. ಕಾಫಿ ಲೋಟ ಕೆಳಗಿಟ್ಟು, “ತಪ್ಪು ತಿಳ್ಕೋಬೇಡಿ. ನಿಮ್ಮ ಮನೇಲಿ ಅದೇನೋ ಚರ್ಮದ್ದು ಐತೆ ಅಂತಾರಲ್ಲ?” ಎಂದು ಕೇಳಿಯೇಬಿಟ್ಟರು. ನಾನು ನುಣ್ಣನೆ ಕುತ್ತಿಗೆಯನ್ನು ಎತ್ತಿ ಹಿಡಿದು, ಆಯುರ್ವೇದದಿಂದ ವಾಸಿಯಾಯಿತೆಂದು ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ತಂಗಿ, “ಚರ್ಮದ್ದು ಏನಿಲ್ಲ. ನಮ್ಮಣ್ಣಂಗೆ ಗಡ್ಡ ತೆಕ್ಕೊಳ್ಳೋಕೆ ಬರ್ತಿರ್ಲಿಲ್ಲ. ಈಗ ನಾನೇ ಕಲಿಸಿದೀನಿ” ಎಂದಳು. ನಾನು ಎತ್ತಿದ ಕುತ್ತಿಗೆಯನ್ನು ಇಳಿಸಿಕೊಂಡೆ. ಆಮೇಲೆ ಹುಡುಗ ನಕ್ಕ. ಎಂಥ ನಗು! ಕಾಫಿ ನೆತ್ತಿಗೇರಿ ಅವನ ತಂದೆಯೇ ಬೆನ್ನು ಗುದ್ದಬೇಕಾಯಿತು. ಮದುವೆ ಅಲ್ಲೇ ಗೊತ್ತಾಯಿತು.

ಅವಳ ಕಾಲಿಗೆ ಬೀಳಬೇಕಾಗಿದ್ದ ನಾನು ಏನು ಮಾಡಿದೆ ಗೊತ್ತೆ? ಹೊರಗಿನವರ ಮುಂದೆ ಮಾನ ತೆಗೆದಳೆಂದು ಮುನಿಸಿಕೊಂಡೆ. ಮದುವೆಯ ದಿನದವರೆಗೂ ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ. ವರೋಪಚಾರಕ್ಕೆಂದು ಮದುಮಗನಿಗೆ ಶೇವಿಂಗ್ ಸೆಟ್ಟು ತಂದು ತಟ್ಟೆಯಲ್ಲಿಡುವಾಗ ಅವಳು ನಗುತ್ತ, “ಅಣ್ಣ, ಜೊತೆಗೆ ಒಂದ್ ಹಸೂನೂ ಕೊಡ್ತೀಯಾ?” ಎಂದರೆ, ಮದುಮಗಳೆಂಬುದನ್ನೂ ನೋಡದೆ ಮುಖ ತಿರುಗಿಸಿದೆ.

ಈಗ ನನ್ನ ಕೈ ನಡುಗುತ್ತದೆ. ರೇಜರ್ ಹಿಡಿಯಲು ಆಗುವುದಿಲ್ಲ. ತಂಗಿ ಹುಲಿಕೆರೆಯಿಂದ ಬಂದಾಗಲೆಲ್ಲ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಬಿಸಿ ಟವೆಲು ಹಾಕಿ, ಅದೇ ಹಳೆಯ ರೇಜರಿನಿಂದ ಕ್ಷೌರ ಮಾಡುತ್ತಾಳೆ. ಪ್ರತಿಸಲವೂ ನಾನು ‘ತಪ್ಪಾಯಿತು’ ಎಂಬ ಒಂದು ಮಾತು ಜೋಡಿಸಿಟ್ಟುಕೊಂಡು ಕೂರುತ್ತೇನೆ. ಬಾಯಿ ತೆರೆಯುವಷ್ಟರಲ್ಲಿ ನೊರೆ ಬರುತ್ತದೆ. ನೊರೆಯ ಹಿಂದೆ ಬ್ಲೇಡು. “ಮಾತಾಡ್ಬೇಡ, ಕುಯ್ದೋಗುತ್ತೆ” ಎನ್ನುತ್ತಾಳೆ. ನಾನು ಒಳ್ಳೆಯ ಶಿಷ್ಯನ ಹಾಗೆ ಬಾಯಿ ಮುಚ್ಚಿಕೊಳ್ಳುತ್ತೇನೆ. ಮುಖ ಒರೆಸಿದ ಮೇಲೆ, “ಏನೋ ಹೇಳೋಕೆ ಬಂದ್ಯಲ್ಲ, ಏನು?” ಎಂದು ಕೇಳುತ್ತಾಳೆ. “ನೀರು ಸ್ವಲ್ಪ ಬಿಸಿ ಜಾಸ್ತಿ ಆಯ್ತು ಅಂದೆ” ಎನ್ನುತ್ತೇನೆ.

ಇದನ್ನು ಬರೆಯುವಾಗ ಕುತ್ತಿಗೆಯ ಮೇಲೆ ಯಾರ ಬ್ಲೇಡೂ ಇರಲಿಲ್ಲ. ಆದರೂ ಇಷ್ಟು ದೂರ ಹೆಸರು ಹಿಡಿದು ಒಪ್ಪಿಕೊಳ್ಳದೆ ‘ತಂಗಿ, ತಂಗಿ’ ಎಂದುಕೊಂಡೇ ಜಾರಿಕೊಂಡು ಬಂದೆ. ಅವಳ ಹೆಸರು ಗಿರಿಜ.