ಕಾರು ಹತ್ತದ ತೌನೊ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಜೊತೆ ಕಾಲುಚೀಲ. ತೈವಲ್ಕೊಸ್ಕಿಯ ಅತಿಥಿಗೃಹದ ಹೀಟರಿನ ಮೇಲೆ ಒಣಗಲು ಹಾಕಿದ್ದ ಉಣ್ಣೆಯ ಕಾಲುಚೀಲವನ್ನು ತೌನೊ ಅಲ್ಲೇ ಮರೆತು ಸೈಕಲ್ ಹತ್ತಿದ್ದ. ಎರಡು ಕಿಲೋಮೀಟರ್ ತುಳಿದ ಮೇಲೆ, ಕಾಲಿನ ಬೆರಳುಗಳು ತನ್ನವೇ ಹೌದೋ ಅಲ್ಲವೋ ಎಂಬ ಅನುಮಾನ ಬಂದಾಗ ಅದು ನೆನಪಾಯಿತು. ಚಳಿ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿತ್ತು. ರಸ್ತೆಯ ಬದಿಯಲ್ಲೇ ಒಂದು ಅಂಗಡಿ ಕಂಡಿತು. ಹೊಸ ಕಾಲುಚೀಲ ಕೊಳ್ಳಲು ಒಳಗೆ ನುಗ್ಗಿದ.

ತೌನೊ ಫಿನ್ನರ ನಾಡಿನ ಔಲು ನಗರದ ಗ್ರಂಥಾಲಯದಲ್ಲಿ ಗುಮಾಸ್ತ, ವಯಸ್ಸು ಐವತ್ತನಾಲ್ಕು. ಹಿಡಿದ ಕೆಲಸವನ್ನು ನಡುವೆ ಕೈಬಿಡುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅವನ ಹಿತ್ತಲಲ್ಲಿ ಹನ್ನೊಂದು ವರ್ಷದಿಂದ, ತಾನೇ ಕಟ್ಟಲು ಹೊರಟ ಒಂದೇ ಪಕ್ಕೆಯ ದೋಣಿಯೊಂದು ನಿಂತಿತ್ತು. ಕಲಿಯಲು ಹೊರಟ ರಷ್ಯನ್ ಭಾಷೆ ಏಳನೆಯ ಪಾಠಕ್ಕೆ ನಿಂತಿತ್ತು. ಹಾಗಾಗಿ ರಷ್ಯನ್ನರ ಬಳಿ ದಾರಿ ಕೇಳಲು ಬರುತ್ತಿತ್ತು, ಅವರು ಹೇಳಿದ್ದು ತಿಳಿಯುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಹೆಂಡತಿ ಸೈಮಿಯ ಅಣ್ಣ ಕೌಕೊ ಊಟದ ಮೇಜಿನಲ್ಲಿ, ನೆಂಟರೆಲ್ಲರ ಎದುರು, "ನಮ್ ಭಾವ ಸತ್ರೂ ಅರ್ಧಾನೇ ಸಾಯೋದು" ಅಂದುಬಿಟ್ಟ. ಎಲ್ಲರೂ ನಕ್ಕರು. ಸೈಮಿಯೂ ನಕ್ಕಳು. ಅವಳು ನಕ್ಕದ್ದು ತೌನೊನ ಎದೆಗೆ ನಾಟಿತು.

ಫೆಬ್ರವರಿಯಲ್ಲಿ ಕೌಕೊನ ಅರವತ್ತನೆಯ ಹುಟ್ಟುಹಬ್ಬ. ಔಲುವಿನಿಂದ ಕೂಸಮೊ ಹತ್ತಿರದ ಕೌಕೊನ ಮನೆಗೆ ಇನ್ನೂರ ಹದಿನೇಳು ಕಿಲೋಮೀಟರ್. ಹಿಮದಲ್ಲಿ ಜಾರದಂತೆ ಮೊಳೆ ಬಡಿದ ಟೈರಿನ ಸೈಕಲ್ಲಿನಲ್ಲಿ ಮೂರು ದಿನಕ್ಕೆ ಬರುತ್ತೇನೆ, ಒಂದಂಗುಲವೂ ಮೋಟಾರು ಗಾಡಿ ಹತ್ತುವುದಿಲ್ಲ ಎಂದು ತೌನೊ ಸಾರಿದ. "ನೀನು ಹಂಗೆ ಬಂದ್ರೆ ಭಾವ, ಸಂಜೆ ಆರಕ್ಕೆ ಕಾಫಿ ಮೇಜಿನ ಮುಂದೆ ಎದ್ದು ನಿಂತು, ಇವನು ಹಿಡಿದದ್ದನ್ನ ಮುಗಿಸೋ ಗಂಡಸು ಅಂತ ನಾನೇ ಹೇಳ್ತೀನಿ" ಎಂದು ಕೌಕೊ ಮಾತು ಕೊಟ್ಟ. ಸೈಮಿ ಕಾರಿನಲ್ಲಿ ಮುಂಚಿತವಾಗಿ ಹೋಗಿ ಅಣ್ಣನ ಮನೆ ಸೇರಿದ್ದಳು. ಎರಡು ದಿನದ ದಾರಿ ಸುಸೂತ್ರವಾಗಿ ಮುಗಿದಿತ್ತು. ಚಳಿಗೆ ಫೋನೂ, ದೂರ ತೋರಿಸುವ ಮೀಟರೂ ಸತ್ತುಹೋಗಿದ್ದವು, ಅಷ್ಟೇ. ಇನ್ನು ಉಳಿದದ್ದು ಅರವತ್ತಾರು ಕಿಲೋಮೀಟರ್.

ಅಂಗಡಿಯ ಒಡತಿ ಕೆರ್ತು ದುಂಡುಮುಖದ ಹೆಂಗಸು. ಕಾಲುಚೀಲ ಕೊಡುವ ಮೊದಲು ಕಾಫಿ ಬಗ್ಗಿಸಿದಳು. ಕಿಟಕಿಯಾಚೆ ಒರಗಿಸಿಟ್ಟ ಸೈಕಲ್ಲನ್ನೂ, ಮೀಸೆಯಿಂದ ಮಂಜುಗಡ್ಡೆ ಕೀಳುತ್ತಿದ್ದ ಮನುಷ್ಯನನ್ನೂ ಎರಡೆರಡು ಸಲ ನೋಡಿದಳು.

"ಎಷ್ಟು ತಿಂಗಳಿಗೆ ಕಿತ್ಕೊಂಡ್ರು?" ಎಂದು ಮೆಲ್ಲಗೆ ಕೇಳಿದಳು.

"ಏನನ್ನ?"

"ಲೈಸೆನ್ಸು."

ಆ ಸೀಮೆಯಲ್ಲಿ ಚಳಿಗಾಲದ ನಡುವೆ ಬೆಳೆದ ಗಂಡಸೊಬ್ಬ ಸೈಕಲ್ ತುಳಿದರೆ ಅದಕ್ಕೆ ಒಂದೇ ಅರ್ಥ: ಕುಡಿದು ಕಾರು ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದವನು. ತೌನೊ ಔಲುವಿನವನು, ಅಲ್ಲಿ ಅಜ್ಜಿಯರೂ ಹಿಮದಲ್ಲೇ ಸೈಕಲ್ ತುಳಿಯುತ್ತಾರೆ. ಅವನಿಗೆ ಇದು ಹೊಳೆಯಲೇ ಇಲ್ಲ.

"ಲೈಸೆನ್ಸ್ ಮನೇಲಿದೆ. ಸೈಕಲ್‌ಗೆ ಯಾಕೆ ಬೇಕು ಅಂತ ಬಿಟ್ಟು ಬಂದೆ. ನಾನು ಸುಮ್ನೆ, ಖುಷಿಗೆ ತುಳೀತಿದೀನಿ."

ಕೆರ್ತು ತಲೆಯಾಡಿಸಿದಳು. "ನಮ್ಮೆಜಮಾನ್ರೂ ಆವಾಗ ಆರೋಗ್ಯಕ್ಕೆ ಅಂತಿದ್ರು. ಎಲ್ಲಿಗೆ ಹೋಗ್ಬೇಕು?"

"ಕೂಸಮೊ ಹತ್ರ. ಕೌಕೊ ಮಾತ್ತಾ ಅಂತ, ನನ್ನ ಭಾವ."

"ಮೀನಿನ ಕೌಕೊನೇ? ಗೊತ್ತು ಬಿಡಿ. ನಡೀರಿ, ನಾನೇ ಕಾರಲ್ಲಿ ಬಿಟ್ಟು ಬರ್ತೀನಿ."

ತೌನೊ ಬೇಡವೆಂದ. ಅವಳು ಕೋಟು ಹಾಕಿಕೊಂಡಳು. ಅವನು ಮತ್ತೆ ಬೇಡವೆಂದ. ಅವಳ ಮುಖ ಕೆಂಪಾಯಿತು.

"ನೋಡಿ, ಇಂಥ ಚಳೀಲಿ ದಾರಿಹೋಕನನ್ನ ಬಾಗಿಲಿಂದ ಹಂಗೇ ಕಳಿಸಿದ್ಲು ಅಂತ ಊರವರು ಆಡ್ಕೊಂಡ್ರೆ ನಾನು ಎಲ್ಲಿ ಮುಖ ಇಟ್ಕೊಳ್ಳಿ? ನಮ್ಮ ಕಡೆ ಯಾರೂ ಹಂಗೆ ಮಾಡಲ್ಲ."

"ನಾನು ಯಾರಿಗೂ ಹೇಳಲ್ಲ" ಎಂದು ತೌನೊ ಕಾಲುಚೀಲ ಏರಿಸಿಕೊಂಡು ಓಡಿದ. ಅವನು ತಿರುವು ದಾಟುವ ಮೊದಲೇ ಕೆರ್ತು ಫೋನು ಎತ್ತಿಯಾಗಿತ್ತು.

ಅರ್ಧ ಗಂಟೆಯಲ್ಲಿ ಹಿಂದಿನಿಂದ ಹಳದಿ ದೀಪ ತಿರುಗಿಸುತ್ತ ಹಿಮ ಗೋರುವ ದೊಡ್ಡ ಲಾರಿಯೊಂದು ಬಂತು. ಬಂದದ್ದು ಮುಂದೆ ಹೋಗಲಿಲ್ಲ. ಸೈಕಲ್ಲಿನ ಪಕ್ಕದಲ್ಲೇ ಅದರದೇ ವೇಗದಲ್ಲಿ ತೆವಳತೊಡಗಿತು. ಕಿಟಕಿ ಇಳಿಯಿತು, ಕಿವಿಮುಚ್ಚುವ ಟೋಪಿಯ ತಲೆಯೊಂದು ಹೊರಬಂತು.

"ನಾನು ವಿಲ್ಯಾಮಿ. ಕೆರ್ತು ಅಣ್ಣ. ನನ್ನದೂ ಹೋಗಿತ್ತು ಗುರುವೇ, ಆರು ತಿಂಗಳು. ನಾಚ್ಕೊಳ್ಳೋಂಥದ್ದೇನಿಲ್ಲ. ಹತ್ತು."

"ನನ್ನ ಲೈಸೆನ್ಸ್ ಇದೆ" ಎಂದು ತೌನೊ ಕೂಗಿದ.

"ನಾನೂ ಹಿಂಗೇ ಹೇಳ್ತಿದ್ದೆ. ಮೊದಲು ಒಪ್ಕೋಬೇಕು. ಒಪ್ಕೊಂಡ್ರೆ ಅರ್ಧ ಭಾರ ಇಳೀತು."

ವಿಲ್ಯಾಮಿ ತನ್ನ ಆರು ತಿಂಗಳ ಕತೆಯನ್ನು ಒಂದು ವಾರವೂ ಬಿಡದೆ ಹೇಳಿದ. ಹಿಂದೆ ಏಳು ಕಾರುಗಳೂ ಮರದ ದಿಮ್ಮಿ ಹೊತ್ತ ಒಂದು ಲಾರಿಯೂ ಶವಯಾತ್ರೆಯಂತೆ ಸಾಲುಗಟ್ಟಿದವು. ಫಿನ್ನರು ಹಾರ್ನ್ ಹೊಡೆಯುವವರಲ್ಲ. ಸುಮ್ಮನೆ ಕೂತು ನೋಡಿದರು. ಅದು ಇನ್ನೂ ಕಷ್ಟ.

"ಇಪ್ಪತ್ತೆರಡು ವರ್ಷದಿಂದ ಈ ರಸ್ತೇಲಿ ಹಿಮ ಗೋರ್ತಿದೀನಿ" ಎಂದ ವಿಲ್ಯಾಮಿ. "ಒಬ್ಬನ್ನೂ ದಾರೀಲಿ ಬಿಟ್ಟು ಹೋಗಿಲ್ಲ. ನನ್ನ ಹೆಸರು ಕೆಡಿಸಬೇಡ."

"ಕ್ಷಮಿಸಿ. ನಾನು ಹತ್ತಲ್ಲ."

ಕಿಟಕಿ ಏರಿತು. ಲಾರಿ ಒಮ್ಮೆಲೇ ಗುಟುರು ಹಾಕಿ ಮುಂದೆ ನುಗ್ಗಿತು. ಅದರ ಮುಂದಿನ ಅಲಗು ಎತ್ತಿ ಎಸೆದ ಹಿಮವೆಲ್ಲ ತೌನೊನ ಮೇಲೆ ಬಂದು ಬಿತ್ತು. ಏಳು ಕಾರುಗಳ ಜನ ಇಳಿದು ಅವನನ್ನು ಹುಡುಕಿ ತೆಗೆದರು. ಒಬ್ಬೊಬ್ಬರಾಗಿ ತಂತಮ್ಮ ಕಾರು ಹತ್ತಲು ಕರೆದರು. ಏಳು ಸಲ ಬೇಡವೆಂದು, ಕೊರಳಪಟ್ಟಿಯೊಳಗೆ ಕರಗುತ್ತಿದ್ದ ಹಿಮದೊಂದಿಗೆ ತೌನೊ ಮತ್ತೆ ತುಳಿದ.

ಮೂವತ್ತನೆಯ ಕಿಲೋಮೀಟರಿನ ಹೊತ್ತಿಗೆ ಅವನ ಅಂಗಿ ಹಲಗೆಯಂತೆ ಸೆಟೆದಿತ್ತು. ಅಲ್ಲಿ ಟಪ್ಪಾಲು ಡಬ್ಬಿಯ ಪಕ್ಕ ಶಾಲು ಹೊದ್ದ ಮುದುಕಿಯೊಬ್ಬಳು ರಸ್ತೆಗೆ ಅಡ್ಡ ನಿಂತಿದ್ದಳು. ಅವಳ ಹೆಸರು ಹೆಲ್ವಿ, ವಯಸ್ಸು ಎಂಬತ್ತೊಂದು.

"ಇಳಿ ಮಗಾ. ಸೌನಾ ಕಾಯ್ಸಿದೀನಿ. ಹೆಂಡ್ತಿ ಮನೆಯಿಂದ ಓಡ್ಸಿದ್ಲು ಅಂದ್ರೆ ಮೈ ತೊಳ್ಕೊಳ್ಳೋದೂ ಬಿಡ್ಬೇಕಾ?"

"ಹೆಂಡ್ತಿ ಓಡ್ಸಿಲ್ಲ ಅಜ್ಜಿ. ಯಾರು ಹೇಳಿದ್ರು?"

"ವಿಲ್ಯಾಮಿ ಹೇಳ್ದ. ಪಾಪ, ಬಾಯೇ ಬಿಡ್ತಿಲ್ಲ, ಒಳಗೊಳಗೇ ಕೊರಗ್ತಿದಾನೆ ಅಂದ."

ಕಾಯಿಸಿಟ್ಟ ಸೌನಾವನ್ನು ಬೇಡವೆನ್ನುವ ಶಕ್ತಿ ಯಾವ ಫಿನ್ನನಿಗೂ ಇಲ್ಲ. ಸೌನಾಕ್ಕೆ ಚಕ್ರವಿಲ್ಲ, ಅದು ಗಾಡಿಯಲ್ಲ ಎಂದು ತೌನೊ ತನಗೆ ತಾನೇ ಸಮಾಧಾನ ಹೇಳಿಕೊಂಡು ಒಳಹೊಕ್ಕ. ಕಾದ ಕಲ್ಲಿನ ಮೇಲೆ ನೀರು ಹೊಯ್ದಾಗ ಮೇಲೆದ್ದ ಹಬೆಯಲ್ಲಿ ಕಣ್ಣೀರು ಬರುವಷ್ಟು ಸುಖವಾಯಿತು. ಹೊರಬಂದರೆ ಮೇಜಿನ ಮೇಲೆ ಮೀನಿನ ಸಾರು, ರೈ ರೊಟ್ಟಿ, ಮೂರು ಬಗೆಯ ಬನ್ನು, ಕಾಫಿ. ಹೆಲ್ವಿ ಅಜ್ಜಿ ಎದುರು ಕೂತು ಅವನು ನುಂಗುವುದನ್ನೇ ನೋಡಿದಳು.

"ಕುಡಿಯೋದು ಬಿಟ್ಬಿಡು ಮಗಾ."

"ನಾನು ಕುಡಿಯಲ್ಲ ಅಜ್ಜಿ. ಹುಟ್ಟುಹಬ್ಬಕ್ಕೆ ಒಂದ್ ಲೋಟ, ಅಷ್ಟೇ."

"ಯಾರ ಹುಟ್ಟುಹಬ್ಬ?"

"ಭಾವಂದು. ಇವತ್ತು."

ಅಜ್ಜಿ ನಿಟ್ಟುಸಿರಿಟ್ಟು ಇನ್ನೊಂದು ಕಪ್ ಬಗ್ಗಿಸಿದಳು. ಐದನೆಯ ಕಪ್ಪಿನ ಮೇಲೆ ತೌನೊ ಎದ್ದ. ಬಟ್ಟೆ ಒಣಗಿತ್ತು, ತಲೆಗೂದಲು ಒಣಗಿರಲಿಲ್ಲ. ಕಾರಿನ ಬೀಗದ ಕೈ ಹುಡುಕುತ್ತಿದ್ದ ಅಜ್ಜಿಗೆ ಬೇಡ ಬೇಡವೆಂದು ಕೈಮುಗಿಯುವುದೊಂದು ಬಾಕಿ. ಅವಳು ಒಳಕೋಣೆಗೆ ಹೋದ ಸಮಯ ನೋಡಿ ಕಳ್ಳನ ಹಾಗೆ ಜಾರಿಕೊಂಡ. ಮುಂದಿನ ಒಂದು ಗಂಟೆಯಲ್ಲಿ ಐದು ಕಪ್ ಕಾಫಿ ತನ್ನ ಕೆಲಸ ತೋರಿಸಿತು. ಆ ಚಳಿಯಲ್ಲಿ, ಮೂರು ಪದರದ ಚಡ್ಡಿಗಳ ನಡುವೆ, ಪೈನ್ ಮರದ ಮರೆಯಲ್ಲಿ ಅವನು ಪಟ್ಟ ಪಾಡು ಇಲ್ಲಿ ಬೇಡ.

ಸೂರ್ಯ ಮುಳುಗುವ ಹೊತ್ತಿಗೆ ರಸ್ತೆಗೆ ಅಡ್ಡಲಾಗಿ ಹಿಮದ ಸ್ಕೂಟರೊಂದು ನಿಂತಿತ್ತು, ಹಿಂದೆ ಜಾರುಬಂಡಿ, ಬಂಡಿಯಲ್ಲಿ ಹಿಮಸಾರಂಗದ ತೊಗಲು ಹಾಸಿತ್ತು. ಸಾರಂಗ ಸಾಕುವ ನೀಲೊ ಅಡ್ಡಗಟ್ಟಿ ನಿಂತಿದ್ದ.

"ಹೆಲ್ವಿ ಫೋನ್ ಮಾಡಿದ್ಲು" ಎಂದ. "ಹೇಳದೆ ಕೇಳದೆ ಕಾಡಿನ ಕಡೆ ಹೋದ, ತಲೇನೂ ಒಣಗಿಲ್ಲ ಅಂದ್ಲು. ಬದುಕು ದೊಡ್ಡದು ಕಣಯ್ಯಾ. ಒಂದು ಲೈಸೆನ್ಸಿಗೆ ಜೀವ ಕಳ್ಕೋತಾರಾ?"

ತೌನೊನ ತಾಳ್ಮೆ ಮುಗಿಯಿತು. ಸೈಕಲ್ಲನ್ನು ಹಿಮದ ಗುಡ್ಡೆಗೆ ಒರಗಿಸಿ, ಜೀವಮಾನದಲ್ಲಿ ಆಡದಷ್ಟು ಮಾತು ಆಡಿದ. ಲೈಸೆನ್ಸು ಮೇಜಿನ ಖಾನೆಯಲ್ಲಿದೆ, ಹೆಂಡತಿ ಕಾಯುತ್ತಿದ್ದಾಳೆ, ಸಾಯುವ ಯೋಚನೆ ಇಲ್ಲ. ಐವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಕೆಲಸವನ್ನು ತುದಿ ಮುಟ್ಟಿಸಬೇಕು ಎಂಬ ಆಸೆ, ಅದು ಈ ದಾರಿ. "ನನಗೆ ಸೈಕಲ್ ತುಳಿಯೋದು ಇಷ್ಟ. ಅಷ್ಟೇ. ನಿಮ್ಮ ಕಾಲಿಗೆ ಬೀಳ್ತೀನಿ, ಬಿಟ್ಬಿಡಿ."

ನೀಲೊ ಯೋಚಿಸಿದ. "ಹಿಂಗೇ ಶುರುವಾಗೋದು" ಎಂದ. ಆದರೂ ಸ್ಕೂಟರನ್ನು ಬದಿಗೆ ಸರಿಸಿದ.

ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿ ಯಾರೂ ಎದುರಾಗಲಿಲ್ಲ. ಗಾಳಿ ಬಿದ್ದಿತ್ತು. ಟೈರಿನ ಮೊಳೆಗಳು ಗಡ್ಡೆಗಟ್ಟಿದ ಹಿಮವನ್ನು ಕಚ್ಚುವ ಕರಕರ ಸದ್ದು ಬಿಟ್ಟರೆ ಕಾಡಿನಲ್ಲಿ ಏನೂ ಕೇಳುತ್ತಿರಲಿಲ್ಲ. ಮರಗಳ ಮೇಲೆ ನಕ್ಷತ್ರಗಳು ಒಂದೊಂದಾಗಿ ಬಂದವು. ಕಾಲು ನೋಯುತ್ತಿತ್ತು, ಮೂಗು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಆದರೂ ತೌನೊಗೆ ಇಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಕೌಕೊನ ಅಂಗಳದ ದೀಪ ಕಂಡಾಗ ಅವನು ಗಟ್ಟಿಯಾಗಿ ನಕ್ಕುಬಿಟ್ಟ.

ಆರಕ್ಕೆ ಐದು ನಿಮಿಷ ಇರುವಾಗ ಬಾಗಿಲು ತೆರೆದು ಒಳಗೆ ಬಂದ. ಹದಿನೈದು ಮಂದಿ ನೆಂಟರು ಕಾಫಿ ಕಪ್ ಹಿಡಿದು ಕೂತಿದ್ದರು. ಸೈಮಿ ಎದ್ದು ಬಂದು ಅವನ ತಣ್ಣನೆಯ ಕೆನ್ನೆ ಹಿಡಿದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು.

"ಬಂದೆ" ಎಂದ ತೌನೊ. "ಒಂದಂಗುಲವೂ ಬಿಡದೆ ತುಳಿದು ಬಂದೆ. ಈಗ ಹೇಳು ಭಾವ."

ಕೌಕೊ ಎದ್ದು ನಿಂತ. ನೆಂಟರು ತಂತಮ್ಮ ಕಪ್ಪಿನೊಳಗೆ ನೋಡಿದರು.

"ಕೂತ್ಕೋ ಭಾವ. ಫೋನ್ ಬಂದಿತ್ತು" ಎಂದ ಕೌಕೊ ಮೆಲ್ಲಗೆ. "ಕೆರ್ತು ಮಾಡಿದ್ಲು. ಅಂಗಡಿ ಮುಚ್ಚಿ ಹದಿನೆಂಟು ಕಿಲೋಮೀಟರ್ ಕಾರಲ್ಲಿ ಬಿಟ್ಟು ಬಂದೆ, ಗಾಬರಿ ಬೀಳ್ಬೇಡಿ ಅಂದ್ಲು. ಆಮೇಲೆ ವಿಲ್ಯಾಮಿ. ಮೂವತ್ತು ಕಿಲೋಮೀಟರ್ ತನ್ನ ಪಕ್ಕದಲ್ಲೇ ಕೂರಿಸ್ಕೊಂಡು ಬಂದನಂತೆ. ಹೆಲ್ವಿ ಅಜ್ಜಿ ತನ್ನ ಕಾರಲ್ಲಿ ಇಪ್ಪತ್ತೈದು. ನೀಲೊ ಜಾರುಬಂಡೀಲಿ ಇಪ್ಪತ್ತು, ನಮ್ಮ ಗೇಟಿನ ತನಕ."

ತೌನೊ ನಿಂತಲ್ಲೇ ನಿಂತ. ಯಾರೂ ಅವನ ಮೇಲಿನ ದ್ವೇಷಕ್ಕೆ ಸುಳ್ಳು ಹೇಳಿರಲಿಲ್ಲ. ಇಂಥ ಚಳಿಯಲ್ಲಿ ದಾರಿಹೋಕನನ್ನು ಸೈಕಲ್ ಮೇಲೆ ಹೋಗಲು ಬಿಟ್ಟೆವು ಎಂದು ಒಪ್ಪಿಕೊಳ್ಳುವ ಧೈರ್ಯ ಆ ನಾಲ್ವರಲ್ಲಿ ಒಬ್ಬರಿಗೂ ಇರಲಿಲ್ಲ, ಅಷ್ಟೇ.

"ಅಷ್ಟೂ ಸುಳ್ಳು" ಎಂದ. "ಫೋನ್ ಕೊಡು ಇಲ್ಲಿ. ಹೆಲ್ವಿ ಅಜ್ಜೀನೇ ಕೇಳೋಣ. ದೇವರಂಥ ಹೆಂಗಸು, ಅವರು ನಿಜ ಹೇಳ್ತಾರೆ."

ಫೋನು ಕಿವಿಗೆ ಹಿಡಿದ. ಎಲ್ಲರೂ ಅವನ ಮುಖ ನೋಡಿದರು. ಅಜ್ಜಿಯ ದನಿ ಅವನೊಬ್ಬನಿಗೇ ಕೇಳುತ್ತಿತ್ತು.

"ಮುಟ್ಟಿದ್ಯಾ ಮಗಾ? ದೇವರು ದೊಡ್ಡೋನು. ಕೋಪ ಮಾಡ್ಕೋಬೇಡ ಕಣೋ. ನನ್ನ ಸೌನಾದಿಂದ ಒದ್ದೆ ತಲೇಲಿ ಹೊರಟೋನನ್ನ ಸೈಕಲ್ ಮೇಲೆ ಬಿಟ್ಟೆ ಅಂತ ಗೊತ್ತಾದ್ರೆ, ಭಾನುವಾರ ಚರ್ಚಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ. ಎಂಬತ್ತೊಂದು ವರ್ಷ ಒಬ್ಬರ ಹತ್ರಾನೂ ಒಂದು ಮಾತು ಕೇಳಿಸ್ಕೊಂಡಿಲ್ಲ. ನನ್ನ ಮಾನ ನಿನ್ನ ಕೈಲಿದೆ."

ಆ ಮೀನಿನ ಸಾರಿನ ಬಿಸಿ ತೌನೊನ ಹೊಟ್ಟೆಯಲ್ಲಿ ಇನ್ನೂ ಉಳಿದಂತಿತ್ತು. ಫೋನನ್ನು ನಿಧಾನವಾಗಿ ಮೇಜಿನ ಮೇಲಿಟ್ಟ.

"ಹೌದು" ಎಂದ. "ಅಜ್ಜೀನೇ ಬಿಟ್ಟದ್ದು. ಉಳಿದೋರೂ ಬಿಟ್ಟದ್ದು ನಿಜ. ಗಾಡೀಲೇ ಬಂದೆ."

ಸೈಮಿ ಅವನ ಭುಜ ತಟ್ಟಿದಳು. "ಹೋಗ್ಲಿ ಬಿಡು. ಮೊದಲೆರಡು ದಿನ ಆದ್ರೂ ತುಳಿದೆಯಲ್ಲ" ಎಂದು ಅವನಿಗೆ ಕುರ್ಚಿ ಎಳೆದುಕೊಟ್ಟಳು. ನೆಂಟರಿಗೆ ನಿರಾಳವಾಯಿತು, ಚಮಚಗಳು ಮತ್ತೆ ಸದ್ದು ಮಾಡಿದವು. ತೌನೊ ಕೇಕಿನ ತಟ್ಟೆ ಹತ್ತಿರ ಎಳೆದುಕೊಂಡ. ಇದಕ್ಕಿಂತ ಕೆಟ್ಟದ್ದು ಇನ್ನೇನೂ ಆಗಲಾರದು ಎಂದು ಅವನಿಗೂ ಒಂದು ಬಗೆಯ ನೆಮ್ಮದಿ ಎನಿಸಿತು.

ಕೌಕೊ ಮಾತ್ರ ಕೂತಿರಲಿಲ್ಲ. ಪೆನ್ಸಿಲ್ ಹಿಡಿದು ಕಾಗದದ ಕರವಸ್ತ್ರದ ಮೇಲೆ ಏನೋ ಕೂಡುತ್ತಿದ್ದ. ಒಂದು ಸಲ ಕೂಡಿ, ಹೊಡೆದುಹಾಕಿ, ಇನ್ನೊಂದು ಸಲ ಕೂಡಿದ.

"ಭಾವ" ಎಂದ, ತಲೆ ಎತ್ತದೆ. "ತೈವಲ್ಕೊಸ್ಕಿಯಿಂದ ಇಲ್ಲಿಗೆ ಅರವತ್ತಾರು ಕಿಲೋಮೀಟರ್. ಇವರೆಲ್ಲ ಸೇರಿ ನಿನ್ನನ್ನ ತೊಂಬತ್ಮೂರು ಕಿಲೋಮೀಟರ್ ಕರ್ಕೊಂಡು ಬಂದಿದಾರೆ."

ಚಮಚಗಳು ನಿಂತವು. ಸೈಮಿಯ ಕೈ ತೌನೊನ ಭುಜದಿಂದ ಮೆಲ್ಲಗೆ ಜಾರಿತು.

"ಆ ಇಪ್ಪತ್ತೇಳು ಕಿಲೋಮೀಟರ್ ವಾಪಸ್ ಎಲ್ಲಿಗೆ ಹೋಗಿದ್ದೆ?" ಎಂದ ಕೌಕೊ. "ಆ ದಾರೀಲಿ ಹೆಂಡದಂಗಡಿ ಇರೋದು ತೈವಲ್ಕೊಸ್ಕೀಲಿ ಮಾತ್ರ."